ಗ್ಲೂಟೆನ್ ಫ್ರೀ ಅಂಗಡಿ ಬಿಟ್ಟು ಮಾಮೂಲಿ ಪ್ಯಾಕೆಟ್ಟಿಗೆ ಬಂದೆವು: ಲೇಬಲ್ ಓದಿದ ನನ್ನ ಅನುಭವ

ಮಗಳಿಗೆ ಸೀಲಿಯಾಕ್, ಅಂದರೆ ಗೋಧಿ, ಬಾರ್ಲಿಯಲ್ಲಿರುವ ಗ್ಲೂಟೆನ್ ಅನ್ನುವ ಪ್ರೋಟೀನು ತಿಂದರೆ ಕರುಳಿಗೆ ಪೆಟ್ಟು ಕೊಡುವ ಕಾಯಿಲೆ. ಅದಕ್ಕೆ ಮಾಡಿಸುವ ಟಿಟಿಜಿ ಅನ್ನುವ ರಕ್ತ ಪರೀಕ್ಷೆಯ ರಿಪೋರ್ಟು ಈ ಸಲ ನಾರ್ಮಲ್ ಬಂದಿದೆ. ಮೊದಲ ಸಲ ನೋಡಿಸಿದಾಗ 200ರ ಮೇಲಿತ್ತು. ಸುಮಾರು ಒಂದು ವರ್ಷ ಗೋಧಿ ಪೂರ್ತಿ ಬಿಟ್ಟ ಮೇಲೂ 80ರ ಆಸುಪಾಸಿನಲ್ಲೇ ಕೂತಿತ್ತು. ಆಮೇಲೆ ಔಷಧಿ ಏನೂ ಬದಲಾಗಲಿಲ್ಲ. ನಾನು ಲೇಬಲ್ ಓದುವ ಕ್ರಮ ಬದಲಾಯಿತು, ಹಿಟ್ಟು, ಇಂಗು ಮನೆಯಲ್ಲೇ ಮಾಡಿಕೊಂಡೆವು, ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ. ಸೀಲಿಯಾಕ್ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ಇದು. ಮೈದಾ, ಚಿರೋಟಿ ರವೆ, ಬನ್ಸಿ ರವೆ, ಬಾರ್ಲಿ ಕೂಡದು ಅನ್ನುವುದು ನಿಮಗೆ ಗೊತ್ತೇ ಇರುತ್ತದೆ, ಅದನ್ನು ಮತ್ತೆ ಹೇಳುವುದಿಲ್ಲ.

ಮೊದಲು ದುಡ್ಡಿನ ವಿಷಯ. ಆರಂಭದಲ್ಲಿ ನಾವೂ ಎಲ್ಲರ ಹಾಗೆ ಗ್ಲೂಟೆನ್ ಫ್ರೀ ಅಂತ ಬರೆದಿರುವುದನ್ನೇ ಹುಡುಕಿಕೊಂಡು ಹೋದೆವು. ಬ್ರೆಡ್ಡು 300 ರೂಪಾಯಿ, ಹೊರದೇಶದ ಪಾಸ್ತಾ 400, ಅಂಗೈ ಅಗಲದ ಬಿಸ್ಕತ್ ಡಬ್ಬಿ 180. ಒಬ್ಬ ಮಗುವಿಗೆ ತಿಂಗಳಿಗೆ ಏಳೆಂಟು ಸಾವಿರ ಹೋಗುತ್ತಿತ್ತು. ಅವಳು ಅರ್ಧ ತಿಂದು ಅರ್ಧ ಬಿಡುತ್ತಿದ್ದಳು. ಮಾಮೂಲಿ ಅಂಗಡಿ ಸಾಮಾನಿಗೆ ವಾಪಸ್ ಹೋಗೋಣ ಅಂದಾಗ ಯಾರೂ ಒಪ್ಪಲಿಲ್ಲ. ನಾದಿನಿ ಫೋನ್ ಮಾಡಿ "ಅತ್ತಿಗೆ, ಮಗು ಆರೋಗ್ಯದಲ್ಲಿ ಚೌಕಾಸಿ ಮಾಡಬೇಡಿ" ಅಂದಳು. ಡಯಟೀಷಿಯನ್ ಕೂಡ ನಮ್ಮ ದೇಶದ ಲೇಬಲ್‌ಗಳನ್ನು ನಂಬಬೇಡಿ ಅಂದರು. ಈಗ ಆ ಬಿಲ್ಲು ಎರಡೂವರೆ ಸಾವಿರದೊಳಗಿದೆ, ರಿಪೋರ್ಟೂ ಇಳಿದಿದೆ.

ಗ್ಲೂಟೆನ್ ಸೋರಿಕೆ ಎಲ್ಲಿತ್ತು ಅಂತ ಹುಡುಕುವುದಕ್ಕೇ ತಿಂಗಳುಗಟ್ಟಲೆ ಹಿಡಿಯಿತು. ಅನ್ನ, ಸಾರು, ಹುಳಿ, ಚಕ್ಕುಲಿ ಬಗ್ಗೆ ನಮಗೆ ಅನುಮಾನವೇ ಇರಲಿಲ್ಲ. ಎಲ್ಲ ಅಕ್ಕಿ, ಬೇಳೆ ತಾನೆ? ಒಂದು ದಿನ ಇಂಗಿನ ಡಬ್ಬಿ ತಿರುಗಿಸಿ ನೋಡಿದೆ. ಬೆನ್ನ ಮೇಲೆ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಮೊದಲು ಗೋಂದು, ಆಮೇಲೆ ಗೋಧಿ ಹಿಟ್ಟು, ಕೊನೆಯಲ್ಲಿ ಇಂಗು. ಪಟ್ಟಿ ಬರೆಯುವುದು ತೂಕದ ಇಳಿಕೆ ಕ್ರಮದಲ್ಲಿ. ಅಂದರೆ ನಾವು ಇಂಗು ಅಂತ ಹಾಕುತ್ತಿದ್ದದ್ದರಲ್ಲಿ ಇಂಗಿಗಿಂತ ಗೋಧಿಯೇ ಜಾಸ್ತಿ. "ಒಂದು ಚಿಟಿಕೆಯಲ್ಲಿ ಏನಾಗುತ್ತೆ ಬಿಡಮ್ಮ" ಅಂದರು ನಮ್ಮತ್ತೆ. ಚಿಟಿಕೆಯೇ ನಿಜ. ಆದರೆ ಸಾರಿಗೊಂದು, ಹುಳಿಗೊಂದು, ಮಜ್ಜಿಗೆಗೊಂದು, ಉಪ್ಪಿನಕಾಯಿಯಲ್ಲೊಂದು, ಪುಳಿಯೋಗರೆ ಗೊಜ್ಜಿನಲ್ಲೊಂದು. ವರ್ಷವಿಡೀ, ದಿನಕ್ಕೆರಡು ಹೊತ್ತು. ಗ್ಲೂಟೆನ್ ಫ್ರೀ ಅಂತ ಬರೆಯಬೇಕಾದರೆ ನಮ್ಮಲ್ಲಿ ಮಿತಿ ಕಿಲೋಗೆ 20 ಮಿಲಿಗ್ರಾಂ. ಅಷ್ಟು ಬಿಗಿ ಇರುವ ಕಡೆ ದಿನಾ ಚಿಟಿಕೆ ಲೆಕ್ಕಕ್ಕೆ ಬಂದೇ ಬರುತ್ತದೆ.

ಎರಡನೇ ಸೋರಿಕೆ ಮಾಲ್ಟ್. ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ ಮಾಡುವ ರಾಗಿ ಮಾಲ್ಟ್‌ನಿಂದ ತೊಂದರೆ ಇಲ್ಲ. ಅದೇ ಅಭ್ಯಾಸದಲ್ಲಿ ಪ್ಯಾಕೆಟ್ಟಿನ ಮೇಲೆ ಮಾಲ್ಟ್ ಅಂತ ಕಂಡಾಗ ನಮ್ಮ ಕಣ್ಣು ಸುಮ್ನೆ ಮುಂದೆ ಹೋಗುತ್ತದೆ. ಅಲ್ಲಿ ಮಾಲ್ಟ್ ಎಕ್ಸ್‌ಟ್ರಾಕ್ಟ್ ಅಂದರೆ ಸಾಮಾನ್ಯವಾಗಿ ಬಾರ್ಲಿಯದು. ಕಾರ್ನ್ ಫ್ಲೇಕ್ಸ್ ಮೆಕ್ಕೆಜೋಳದ್ದೇ ಆದರೂ ರುಚಿಗೆ ಅದನ್ನು ಹಾಕುವುದುಂಟು. ಮಗಳು ಬೆಳಗ್ಗೆ ದಿನಾ ಅದನ್ನೇ ತಿನ್ನುತ್ತಿದ್ದಳು.

ಈಗ ನನ್ನ ಕ್ರಮ. ಪ್ಯಾಕೆಟ್ಟಿನ ಮುಂಭಾಗ ನೋಡುವುದೇ ಇಲ್ಲ. ನೇರ ಬೆನ್ನಿಗೆ. ಇಂಗ್ರೀಡಿಯಂಟ್ಸ್ ಪಟ್ಟಿಯ ಹತ್ತಿರ ಅಲರ್ಜಿ ಸಾಲು ಇರುತ್ತದೆ, ಮೊದಲು ಅದು. 'ಕಂಟೇನ್ಸ್ ವೀಟ್' ಅಂತ ಇದ್ದರೆ ವಾಪಸ್ ಶೆಲ್ಫಿಗೆ, ಹತ್ತು ಸೆಕೆಂಡಿನ ಕೆಲಸ. ಆ ಸಾಲು ಇಲ್ಲದಿದ್ದರೆ, ಅಥವಾ ಹಾಲು, ಸೋಯಾ ಅಂತ ಮಾತ್ರ ಇದ್ದರೆ, ಪಟ್ಟಿಯನ್ನು ಕೊನೆಯಿಂದ ಮೇಲಕ್ಕೆ ಓದುತ್ತೇನೆ. ಕಾರಣ ಸರಳ. ಪಟ್ಟಿಯ ತಲೆಯಲ್ಲಿರುವ ಮೈದಾ ಎಲ್ಲರಿಗೂ ಕಾಣುತ್ತದೆ. ನಮ್ಮನ್ನು ಕಾಡಿದ್ದೆಲ್ಲ ಬಾಲದಲ್ಲಿತ್ತು. ಕಾಂಪೌಂಡೆಡ್ ಅಸಫೆಟಿಡಾ (ಹಿಟ್ಟು ಬೆರೆಸಿದ ಇಂಗು), ಮಾಲ್ಟ್, ಸೋಯಾ ಸಾಸ್ ಪುಡಿ, ಹೈಡ್ರೊಲೈಸ್ಡ್ ವೆಜಿಟಬಲ್ ಪ್ರೋಟೀನ್ (ರುಚಿಗೆ ಹಾಕುವ ಒಡೆದ ಸಸ್ಯ ಪ್ರೋಟೀನು, ಗೋಧಿಯದೂ ಇರಬಹುದು). ಇವು ಉಪ್ಪು, ಖಾರದ ಹಿಂದೆ ಕೂತಿರುತ್ತವೆ. ಮೇಲಿಂದ ಓದಿದರೆ ಅಲ್ಲಿಗೆ ಬರುವಷ್ಟರಲ್ಲಿ ಗಮನ ಸಡಿಲವಾಗಿರುತ್ತದೆ.

ಆ ಬಾಲದಲ್ಲಿ ಒಂದು ನಿಯಮದ ಕಿಂಡಿಯೂ ಇದೆ. ಹಲವು ಪದಾರ್ಥ ಬೆರೆಸಿ ಮಾಡಿದ ಒಂದು ಸಾಮಾನು ಒಟ್ಟು ತಿನಿಸಿನಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಇದ್ದರೆ, ಅದರೊಳಗೆ ಏನೇನಿದೆ ಅಂತ ಬಿಡಿಸಿ ಬರೆಯಬೇಕಿಲ್ಲ. ಗೋಧಿ ಇದ್ದರೆ ಅಲರ್ಜಿ ಸಾಲಿನಲ್ಲಿ ಬರಬೇಕು, ನಿಜ. ಆದರೆ ನಾನು ಕೊಂಡ ಸಣ್ಣ ತಯಾರಕರ ಮಸಾಲೆ ಪ್ಯಾಕೆಟ್ಟುಗಳಲ್ಲಿ ಆ ಸಾಲೇ ಇರಲಿಲ್ಲ. ಹಾಗಾಗಿ ಕಾಂಪೌಂಡೆಡ್ ಅಂತ ಕಂಡು ಯಾವ ಹಿಟ್ಟು ಅಂತ ಬರೆಯದಿದ್ದರೆ ಅದು ಗೋಧಿಯೇ ಅಂತ ಲೆಕ್ಕ. 5 ರೂಪಾಯಿಯ ಸಣ್ಣ ಪ್ಯಾಕೆಟ್ಟುಗಳದ್ದು ಇನ್ನೊಂದು ಕಥೆ. ಮೇಲ್ಮೈ 100 ಚದರ ಸೆಂಟಿಮೀಟರ್ ದಾಟದಿದ್ದರೆ ಪಟ್ಟಿ ಹಾಕುವ ಕಡ್ಡಾಯವಿಲ್ಲ, ಹೊರಗಿನ ದೊಡ್ಡ ಪ್ಯಾಕಿನ ಮೇಲೆ ಇರಬೇಕು. ನಮ್ಮ ಬೀದಿ ಅಂಗಡಿಯವರಿಗೆ "ಅಣ್ಣ, ಸ್ವಲ್ಪ ಆ ಡಬ್ಬ ತೋರಿಸಿ" ಅಂದರೆ ಈಗ ಅವರೇ ತಿರುಗಿಸಿ ಹಿಡಿಯುತ್ತಾರೆ.

ವ್ಯರ್ಥವಾಗಿ ಹೆದರಿದ್ದೂ ಬಹಳ. ಮಾಲ್ಟೋಡೆಕ್ಸ್‌ಟ್ರಿನ್ ಅಂತ ಕಂಡರೆ ಮಾಲ್ಟ್ ಅಂದುಕೊಂಡು ಬಿಡುತ್ತಿದ್ದೆವು. ಅದಕ್ಕೂ ಬಾರ್ಲಿ ಮಾಲ್ಟಿಗೂ ಸಂಬಂಧವಿಲ್ಲ, ಪಿಷ್ಟದಿಂದ ಮಾಡುವುದು, ಹೆಚ್ಚಾಗಿ ಮೆಕ್ಕೆಜೋಳದ ಪಿಷ್ಟ. ತಿನಿಸಿಗೆ ಬೆರೆಸುವ ರಾಸಾಯನಿಕಗಳನ್ನು ಗುರುತಿಸುವ ಐಎನ್‌ಎಸ್ ನಂಬರುಗಳಿಗೂ ಹಾಗೇ ಬೆಚ್ಚುತ್ತಿದ್ದೆವು. 330 ಅಂದರೆ ಸಿಟ್ರಿಕ್ ಆಮ್ಲ, 202 ಕೆಡದಂತೆ ಇಡುವ ಪೊಟ್ಯಾಸಿಯಂ ಸಾರ್ಬೇಟ್, 500 ಅಡುಗೆ ಸೋಡಾದ ಗುಂಪು. ಗ್ಲೂಟೆನ್ ಮಟ್ಟಿಗೆ ಇವುಗಳ ಗೊಡವೆ ಬೇಡ. ಇಷ್ಟು ಗೊತ್ತಾದ ದಿನ ನಮ್ಮ ಪಟ್ಟಿಗೆ ಎಷ್ಟೋ ತಿನಿಸು ವಾಪಸ್ ಬಂದವು.

ರಾಗಿ ಬಿಸ್ಕತ್ತಿನ ಬಗ್ಗೆ ಒಂದು ಮಾತು. ಮುಂದೆ ರಾಗಿ ತೆನೆಯ ಚಿತ್ರ ಹಾಕಿದರೆ ಹಿಂದೆ ರಾಗಿ ಎಷ್ಟು ಶೇಕಡಾ ಅಂತ ಬರೆಯಲೇಬೇಕು. ಓದಿ ನೋಡಿ. ನಾನು ನೋಡಿದ ಹಲವುಗಳಲ್ಲಿ ಮೊದಲ ಹೆಸರು ಮೈದಾ, ರಾಗಿ ಹತ್ತು ಹದಿನೈದರ ಹತ್ತಿರ. ನಮ್ಮ ಮಕ್ಕಳಿಗೆ ಹೇಗೂ ಬೇಡ, ಮನೆಯ ಶುಗರ್ ಇರುವ ಹಿರಿಯರಿಗೆ ತರುವವರಾದರೂ ನೋಡಲಿ.

ಒಮ್ಮೆ ಓದಿ ಪಾಸಾಯಿತು ಅಂತ ಬಿಡುವ ಹಾಗಿಲ್ಲ. ಪ್ರತಿ ಸಲ ಕೊಂಡಾಗ ಬೆನ್ನಿನ ಫೋಟೋ ತೆಗೆದು ಹಳೆಯ ಫೋಟೋ ಜೊತೆ ಹೋಲಿಸುತ್ತೇನೆ. ನಾವು ಎರಡು ವರ್ಷದಿಂದ ತರುತ್ತಿದ್ದ ಒಂದು ಸಾರಿನ ಪುಡಿಯಲ್ಲಿ ಇಂಗಿನ ಜೊತೆ ಅಕ್ಕಿ ಹಿಟ್ಟು ಇತ್ತು. ಒಂದು ಸಲ ಅದೇ ಬಣ್ಣ, ಅದೇ ಚಿತ್ರ, ಒಳಗೆ ಗೋಧಿ ಹಿಟ್ಟು. ಫೋಟೋ ಇರದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. 'ಮೇ ಕಂಟೇನ್ ವೀಟ್', ಅಂದರೆ ಗೋಧಿ ಬೆರೆತಿರಬಹುದು ಅಂತ ಇದ್ದರೆ ದಿನಾ ಬಳಸುವ ಹಿಟ್ಟು, ಪುಡಿ, ಶಾವಿಗೆ ಯಾವುದೂ ಮನೆಗೆ ಬರುವುದಿಲ್ಲ. ಅಪರೂಪದ ತಿನಿಸಾದರೆ ಕಂಪನಿಗೆ ಫೋನ್ ಮಾಡುತ್ತೇನೆ. "ಗೋಧಿ ಇದೆಯಾ" ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ. ನಾನು ಕೇಳುವ ಪ್ರಶ್ನೆ ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಉತ್ತರ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುತ್ತಾರೆ.

ನಡುವೆ ಕೆಲವು ಪ್ರಯೋಗ ಮಾಡಿದೆ. ಇಂಗಿಗೆ ಅಯೋಡಿನ್ ಹಾಕಿ ನೋಡಿದೆ, ನೀಲಿಗೆ ತಿರುಗಿತು. ಆದರೆ ಅಕ್ಕಿ ಹಿಟ್ಟಿದ್ದರೂ ನೀಲಿ, ಗೋಧಿ ಇದ್ದರೂ ನೀಲಿ. ಪಿಷ್ಟ ಇದೆ ಅಂತಷ್ಟೇ ತಿಳಿಯಿತು. ಹಿಟ್ಟು ತೊಳೆಯುವ ಪರೀಕ್ಷೆ ಕೆಲಸಕ್ಕೆ ಬಂತು. ಬರೀ ಸಿರಿಧಾನ್ಯ ಅಂತ ಒಬ್ಬರು ಕೊಟ್ಟ ಬಿಡಿ ಹಿಟ್ಟನ್ನು ನಾಲ್ಕು ಚಮಚ ತೆಗೆದುಕೊಂಡು ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಟ್ಟೆ. ಆಮೇಲೆ ಸಣ್ಣ ನಲ್ಲಿ ನೀರಿನಲ್ಲಿ ಹಿಸುಕುತ್ತಾ ತೊಳೆದೆ. ರಾಗಿ, ನವಣೆ ಹಿಟ್ಟಾದರೆ ಪೂರ್ತಿ ಕರಗಿ ನೀರಿನ ಜೊತೆ ಹೋಗುತ್ತದೆ. ಇದರಲ್ಲಿ ಬೆರಳುಗಳ ನಡುವೆ ಕಡಲೆಕಾಳಿನಷ್ಟು ಬೂದು ಬಣ್ಣದ ಉಂಡೆ ಉಳಿಯಿತು. ಎಳೆದರೆ ರಬ್ಬರಿನ ಹಾಗೆ ಹಿಗ್ಗಿತು. ಅದೇ ಗ್ಲೂಟೆನ್. ಗೋಧಿ ಧಾರಾಳವಾಗಿ ಬೆರೆತಿದ್ದರೆ ಮಾತ್ರ ಹೀಗೆ ಸಿಗುತ್ತದೆ. ಏನೂ ಉಳಿಯಲಿಲ್ಲ ಅಂದರೆ ಶುದ್ಧ ಅಂತ ಅರ್ಥವಲ್ಲ, ಅದು ನೆನಪಿರಲಿ.

ಹಿಟ್ಟಿನ ಸಮಸ್ಯೆ ಲೇಬಲ್ಲಿನಿಂದ ಬಗೆಹರಿಯಲಿಲ್ಲ. ಬೀದಿಯ ಮಿಲ್ಲಿನಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ರಾಗಿಯನ್ನೂ ಬೀಸುತ್ತಾರೆ. ಬೆಳಗ್ಗೆ ಮೊದಲ ಸರದಿ ಕೊಡಿ ಅಂತ ಕೇಳಿಕೊಂಡೆವು, ಕೆಲವು ವಾರ ನಡೆಯಿತು, ಆಮೇಲೆ ಅವರಿಗೂ ಆಗಲಿಲ್ಲ. ಕೊನೆಗೆ ಮನೆಗೇ ಹಿಟ್ಟಿನ ಗಿರಣಿ ತಂದೆವು, ಹದಿನೆಂಟು ಸಾವಿರದ ಹತ್ತಿರ ಆಯಿತು. ಯಜಮಾನರು ಮುಖ ಸಿಂಡರಿಸಿದರು. ಬೆಂಗಳೂರಿನ ತರಗುಪೇಟೆಯಿಂದ ರಾಗಿ, ಜೋಳ, ಅಕ್ಕಿ ಮೂಟೆಯಲ್ಲಿ ತಂದು ಆರಿಸಿ ಬೀಸಿದರೆ ಒಂದು ವರ್ಷದಲ್ಲೇ ಆ ದುಡ್ಡು ಹುಟ್ಟಿತು. ನಮ್ಮ ಮನೆಯಲ್ಲಿ ಗೋಧಿ ಅದರ ಹತ್ತಿರವೂ ಹೋಗಕೂಡದು. ಉಳಿದವರ ಚಪಾತಿಗೆ ಪ್ಯಾಕೆಟ್ ಹಿಟ್ಟೇ, ಮಣೆ, ಲಟ್ಟಣಿಗೆ ಬೇರೆ.

ಇಂಗನ್ನೂ ಮನೆಯಲ್ಲೇ ಮಾಡುತ್ತೇನೆ. ಗಟ್ಟಿ ಇಂಗು ದುಬಾರಿ, 10 ಗ್ರಾಂಗೆ ನೂರಾರು ರೂಪಾಯಿ. ಆದರೆ ಒಂದು ಅಡುಗೆಗೆ ಸಾಸಿವೆ ಕಾಳಿನಷ್ಟು ಸಾಕು. ಗಟ್ಟಿ ಇಂಗನ್ನು ಹುರಿದು ಅಕ್ಕಿ ಹಿಟ್ಟಿನ ಜೊತೆ ಪುಡಿ ಮಾಡಿದರೆ ತಿಂಗಳುಗಟ್ಟಲೆ ಬರುತ್ತದೆ. ಪ್ರಮಾಣ ನನ್ನದೇ, ಅದನ್ನು ಕಂಡುಕೊಳ್ಳಲು ಬಹಳ ಇಂಗು ಹಾಳು ಮಾಡಿದ್ದೇನೆ.

ಗಾಂಧಿ ಬಜಾರ್, ಮಲ್ಲೇಶ್ವರದ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಲೇಬಲ್ ಅಂದರೆ ಒಂದು ಚೀಟಿ. ಅಲ್ಲಿ ಬಾಯಲ್ಲೇ ಕೇಳಬೇಕು. ನಿಪ್ಪಟ್ಟಿಗೆ ಮೈದಾ, ಕೋಡುಬಳೆಗೆ ಚಿರೋಟಿ ರವೆ ಹಾಕುವವರೇ ಜಾಸ್ತಿ. ಚಕ್ಕುಲಿ ಅಕ್ಕಿಯದ್ದೇ ಆದರೂ ಇಂಗು ಇರುತ್ತದೆ, ಎಣ್ಣೆಯೂ ಎಲ್ಲಕ್ಕೂ ಒಂದೇ. ಒಬ್ಬರು ಮಾತ್ರ ನಮ್ಮ ಇಂಗಿನ ಪುಡಿ ತೆಗೆದುಕೊಂಡು ಹೊಸ ಎಣ್ಣೆಯಲ್ಲಿ ಮೊದಲ ಒಬ್ಬೆ ನಮಗೆ ಮಾಡಿಕೊಡುತ್ತಾರೆ. ಅಂಗಡಿ ಹೆಸರು ಕೇಳಬೇಡಿ, ಅವರಿಂದ ಆಗುವುದು ತಿಂಗಳಿಗೆ ನಾಲ್ಕೈದು ಕಿಲೋ.

ಅತ್ತೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ವೀಟ್, ಬಾರ್ಲಿ, ಮಾಲ್ಟ್, ಸೆಮೋಲಿನಾ (ಗೋಧಿ ರವೆ), ಅಸಫೆಟಿಡಾ, ಈ ಐದನ್ನು ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಚೀಲದಲ್ಲಿ ಇಟ್ಟುಕೊಟ್ಟೆ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ, ಚೀಟಿಯ ಅಕ್ಷರದ ಜೊತೆ ತಾಳೆ ನೋಡುತ್ತಾರೆ. ಹೋದ ಯುಗಾದಿಗೆ ನನಗಿಂತ ಮೊದಲು ಶಾವಿಗೆ ಪ್ಯಾಕೆಟ್ಟಿನಲ್ಲಿ ಸೆಮೋಲಿನಾ ಹಿಡಿದದ್ದು ಅವರೇ.

ಬ್ರೆಡ್ಡು ಇನ್ನೂ ಒಲಿದಿಲ್ಲ. ಅಕ್ಕಿ ಹಿಟ್ಟಿಗೆ ಇಸಬ್‌ಗೋಲ್ ಹಾಕಿ ಮಾಡಿದ್ದು ಬಿಸಿಯಲ್ಲಿ ಚೆನ್ನಾಗಿರುತ್ತದೆ, ಸಂಜೆಗೆ ಪುಡಿಪುಡಿ. ಓಟ್ಸನ್ನು ಡಾಕ್ಟರು ಮುಂದಿನ ರಿಪೋರ್ಟ್ ನೋಡಿ ಹೇಳುತ್ತೇನೆ ಅಂದಿದ್ದಾರೆ. ಅದರಲ್ಲೂ ಗೋಧಿ ಬೆರೆಯದ ಪ್ಯಾಕೆಟ್ಟೇ ಆಗಬೇಕು. ಅಲ್ಲಿಯವರೆಗೆ ಬೆಳಗ್ಗೆ ಅವಲಕ್ಕಿ, ರಾಗಿ ದೋಸೆ, ಅಕ್ಕಿ ಶಾವಿಗೆ.