ಕಕ್ಕಬ್ಬೆಯ ಮಳೆಯಲ್ಲಿ ಫ್ರಿಜ್ ಇಟ್ಟುಕೊಂಡ ಬಗೆ: ನನ್ನ ಅನುಭವ

ಫ್ರಿಜ್ ಜೊತೆಗೆ ಬರುವ ಪುಸ್ತಿಕೆಯಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಇಡಬೇಡಿ, ಒಲೆಯಿಂದ ದೂರವಿಡಿ ಎಂಬ ಸೂಚನೆಗಳು ಮೊದಲಿಗೇ ಸಿಗುತ್ತವೆ. ಅವು ಸರಿಯಾದ ಸೂಚನೆಗಳೇ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ, ಗೋಡೆಗಳು ಒಳಗಿನಿಂದಲೇ ಬೆವರುವ, ಮರ ಬಿದ್ದು ತಂತಿ ಕಡಿದರೆ ಕರೆಂಟ್ ಯಾವಾಗ ಬಂದೀತೆಂದು ಯಾರೂ ಹೇಳಲಾಗದ ಕೊಡಗಿನ ಕಕ್ಕಬ್ಬೆಯ ಕಡೆ ಮನೆಯಲ್ಲೇ ಚಿಕ್ಕ ಹೋಂಸ್ಟೇ ನಡೆಸುವ ನಾನು ಸೆಖೆಗಿಂತ ಹೆಚ್ಚಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ತೇವವನ್ನು, ಸಿಡಿಲನ್ನು ಮತ್ತು ಹೋಗಿ ಬರುವ ಕರೆಂಟನ್ನು. ಮನೆಯವರ ಜೊತೆಗೆ ಅತಿಥಿಗಳೂ ಉಣ್ಣುವ ಅನ್ನ ಅದರೊಳಗಿರುವುದರಿಂದ ಈ ವಿಷಯವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ಹಳೆಯ ಫ್ರಿಜ್ ಕೆಟ್ಟು ಹೊಸದು ಕೊಳ್ಳುವಾಗ ಮೊದಲು ನಿರ್ಧರಿಸಿದ್ದು ಜಾಗವನ್ನು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಫ್ರಿಜ್ ಹಿಂದಿನ ಜಗಲಿಯಲ್ಲೋ ಸೌದೆ ಕೊಟ್ಟಿಗೆಗೆ ಅಂಟಿದ ಕೋಣೆಯಲ್ಲೋ ಇರುತ್ತದೆ. ತಂಪಾದ ಜಾಗದಲ್ಲಿಟ್ಟರೆ ಕರೆಂಟ್ ಉಳಿಯುತ್ತದೆ ಎಂಬ ಎಣಿಕೆ ಒಂದು ಮಟ್ಟದವರೆಗೆ ನಿಜವೂ ಹೌದು. ಆದರೆ ಪ್ರತಿ ಫ್ರಿಜ್‌ಗೂ ಅದು ಸರಿಯಾಗಿ ಕೆಲಸ ಮಾಡುವ ಸುತ್ತಲಿನ ತಾಪಮಾನದ ಮಿತಿಯೊಂದಿರುತ್ತದೆ. ಉಷ್ಣವಲಯಕ್ಕೆಂದು ತಯಾರಾದ, ‘ಟಿ’ ಎಂಬ ಗುರುತಿರುವ ಫ್ರಿಜ್‌ಗಳಿಗೆ ಅದು 16 ಡಿಗ್ರಿಯಿಂದ 43 ಡಿಗ್ರಿ ಸೆಲ್ಸಿಯಸ್. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮ ಜಗಲಿಯ ತಾಪಮಾನ ಆ 16 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಒಂದೇ ಥರ್ಮೋಸ್ಟಾಟ್ ಇರುವ ಫ್ರಿಜ್‌ನಲ್ಲಿ ಅದು ಸಾಮಾನ್ಯವಾಗಿ ಕೆಳಗಿನ ಭಾಗದ ತಾಪಮಾನವನ್ನು ನೋಡಿ ಕಂಪ್ರೆಸರ್ ಓಡಿಸುತ್ತದೆ. ಹೊರಗೇ ಚಳಿಯಿದ್ದರೆ ಆ ಭಾಗ ಬೇಗ ಬಿಸಿಯಾಗುವುದಿಲ್ಲ, ಕಂಪ್ರೆಸರ್ ಬಹಳ ಹೊತ್ತು ಸುಮ್ಮನಿರುತ್ತದೆ, ಆ ಹೊತ್ತಿನಲ್ಲಿ ಮೇಲಿನ ಫ್ರೀಜರ್ ನಿಧಾನವಾಗಿ ಬೆಚ್ಚಗಾಗುತ್ತದೆ. ಚಳಿಗಾಲದಲ್ಲಿ ಫ್ರೀಜರ್‌ನ ಮಾಂಸ ಮೆತ್ತಗಾಗಿದೆಯೆಂದು ಮೆಕ್ಯಾನಿಕ್‌ನನ್ನು ಕರೆಸಿ ಗ್ಯಾಸ್ ತುಂಬಿಸುವ ಮೊದಲು ಈ ಕಾರಣವನ್ನು ನೋಡಿಕೊಳ್ಳುವುದು ಒಳ್ಳೆಯದು. ಇದೇ ಕಾರಣಕ್ಕೆ ನಾನು ಫ್ರಿಜ್‌ಗೆ ಒಳ ಅಡುಗೆಮನೆಯ, ಸೌದೆ ಒಲೆಗೆ ಎದುರಿನ ಮೂಲೆಯನ್ನು ಆರಿಸಿದೆ. ಅಲ್ಲಿ ಒಲೆಯ ನೇರ ಶಾಖವೂ ಇಲ್ಲ, ಜಗಲಿಯ ಚಳಿಯೂ ಇಲ್ಲ.

ಆ ಮೂಲೆಗೆ ಇನ್ನೊಂದು ಗುಣವಿದೆ. ಅಲ್ಲಿನ ಗೋಡೆ ಮನೆಯ ಒಳಗೋಡೆ. ಮಳೆ ಬಡಿಯುವ ಪಶ್ಚಿಮದ ಗೋಡೆಯಲ್ಲ. ಮಳೆಗಾಲದಲ್ಲಿ ನೀರು ಜಿನುಗುವ ಗೋಡೆಯಲ್ಲಿ ಸಾಕೆಟ್ ಇದ್ದರೆ ಅದರ ಡಬ್ಬಿಯೊಳಗೆ ತೇವ ಸೇರಿ ಕರೆಂಟ್ ಸೋರಲು ಅವಕಾಶವಾಗುತ್ತದೆ. ಹಿಂಬದಿಯಲ್ಲಿ ಸುಮಾರು 10 ಸೆಂಟಿಮೀಟರ್, ಎರಡೂ ಪಕ್ಕಗಳಲ್ಲಿ 5 ಸೆಂಟಿಮೀಟರ್‌ಗಿಂತ ಹೆಚ್ಚು ಜಾಗ ಬಿಟ್ಟೆ. ಈಗಿನ ಅನೇಕ ಮಾದರಿಗಳಲ್ಲಿ ಹಿಂದೆ ಕಪ್ಪು ಜಾಲರಿ ಕಾಣುವುದಿಲ್ಲ. ಶಾಖ ಬಿಡುವ ಕೊಳವೆ ಪಕ್ಕದ ತಗಡಿನ ಒಳಗೇ ಇರುತ್ತದೆ. ಆದುದರಿಂದ ಪಕ್ಕ ಬಿಸಿಯಾಗಿದೆಯೆಂದು ಗಾಬರಿಯಾಗಬೇಕಿಲ್ಲ, ಆದರೆ ಆ ಪಕ್ಕಕ್ಕೆ ಅಕ್ಕಿ ಮೂಟೆಯನ್ನು ಒರಗಿಸಲೂಬಾರದು.

ಫ್ರಿಜ್ ತಂದವರು ಬಹಳ ಒಳ್ಳೆಯ ಹುಡುಗರು. ನಮ್ಮ ತೋಟದ ರಸ್ತೆಯ ತಿರುವುಗಳಲ್ಲಿ ಅದನ್ನು ಪಿಕಪ್‌ನಲ್ಲಿ ಸ್ವಲ್ಪ ವಾಲಿಸಿಯೇ ತರಬೇಕಾಯಿತು. ಇಳಿಸಿದ ಕೂಡಲೇ ಒಬ್ಬ, “ಆಂಟಿ, ಆನ್ ಮಾಡಿ ತೋರಿಸಿಬಿಡ್ಲಾ?” ಎಂದು ಕೇಳಿದ. “ಬೇಡಪ್ಪಾ, ಸಂಜೆವರೆಗೆ ಹಾಗೇ ನಿಂತಿರಲಿ” ಎಂದೆ. ಕಂಪ್ರೆಸರ್‌ನ ಒಳಗೆ ಎಣ್ಣೆಯಿರುತ್ತದೆ. ಫ್ರಿಜ್ ವಾಲಿದಾಗ ಅದು ಕೊಳವೆಗಳಿಗೆ ಹರಿದಿರಬಹುದು. ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟರೆ ಮರಳಿ ಇಳಿಯುತ್ತದೆ. ಆ ಬಿಡುವಿನಲ್ಲಿ ಗಾರೆ ಮೇಸ್ತ್ರಿಯ ರಸಮಟ್ಟವನ್ನು ಮೇಲಿಟ್ಟು ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿದೆವು. ಮುಂದಿನ ಕಾಲುಗಳು ಕೂದಲೆಳೆಯಷ್ಟು ಎತ್ತರವಿದ್ದರೆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ನಮ್ಮ ತೇವದ ಗಾಳಿಯಲ್ಲಿ ಅರೆ ತೆರೆದ ಬಾಗಿಲಿನಷ್ಟು ಕೆಟ್ಟದ್ದು ಬೇರೊಂದಿಲ್ಲ.

ಕರೆಂಟಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಜೀವಕ್ಕೆ ಸಂಬಂಧಿಸಿದ ಭಾಗ ಇದೇ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಲೋಹದ ಫ್ರಿಜ್ ಬಾಗಿಲನ್ನು ದಿನಕ್ಕೆ ಹತ್ತಾರು ಸಲ ಮುಟ್ಟುವವರು ನಾವು. ಅದಕ್ಕಾಗಿ ಫ್ರಿಜ್‌ಗೆಂದೇ ಮೇನ್ ಬೋರ್ಡಿನಿಂದ ಪ್ರತ್ಯೇಕ ಲೈನ್ ಎಳೆಸಿದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್‌ಗೆ ಹೊಂದಿಸುವ ತುಂಡುಗಳನ್ನಾಗಲಿ ಎಕ್ಸ್‌ಟೆನ್ಶನ್ ವಯರನ್ನಾಗಲಿ ಬಳಸಲಿಲ್ಲ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ಫೇಸ್ ಮತ್ತು ನ್ಯೂಟ್ರಲ್ ನಡುವಿನ ವೋಲ್ಟೇಜನ್ನೂ ಫೇಸ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನೂ ಅಳೆದು, ಎರಡೂ ಹತ್ತಿರ ಹತ್ತಿರ ಇವೆಯೆಂದು ತೋರಿಸಿದರು. ಆದರೆ ಮೀಟರ್ ಸರಿ ತೋರಿಸಿದ ಮಾತ್ರಕ್ಕೆ ಅಪಾಯದ ಹೊತ್ತಿನಲ್ಲಿ ಆ ಅರ್ಥ್ ಪೂರ್ತಿ ಕರೆಂಟನ್ನು ನೆಲಕ್ಕಿಳಿಸುತ್ತದೆ ಎಂಬ ಖಾತರಿಯಿಲ್ಲ ಎಂದು ಅವರೇ ವಿವರಿಸಿ, ಅರ್ಥ್ ಟೆಸ್ಟರ್ ತಂದು, ಅರ್ಥ್ ತಂತಿ ನೆಲ ಸೇರುವ ಗುಂಡಿಯ ರೋಧವನ್ನು (ರೆಸಿಸ್ಟೆನ್ಸ್) ಬೇರೆಯಾಗಿ ಅಳೆದರು. ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣು ನೀರು ಕುಡಿದು ಅರ್ಥ್ ಚೆನ್ನಾಗಿರುತ್ತದೆ. ಫೆಬ್ರವರಿಯಿಂದ, ಕಾಫಿ ಹೂವರಳಿಸುವ ಹೂಮಳೆ ಬೀಳುವ ತನಕ ಮಣ್ಣು ಒಣಗಿ ಅದು ದುರ್ಬಲವಾಗುತ್ತದೆ, ಆದುದರಿಂದ ಆ ತಿಂಗಳುಗಳಲ್ಲಿ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಕುವ ದಿನವೇ ಅರ್ಥ್ ಗುಂಡಿಗೂ ಒಂದೆರಡು ಬಕೆಟ್ ನೀರು ಸುರಿಯುವ ರೂಢಿ ಮಾಡಿಕೊಂಡಿದ್ದೇನೆ.

ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆ. ಸ್ವಲ್ಪ ಕರೆಂಟ್ ಸೋರಿದರೂ ಅದು ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಮಳೆಗಾಲದಲ್ಲಿ ಅದು ಪದೇ ಪದೇ ಬೀಳುತ್ತದೆಂದು ಅದನ್ನೇ ತೆಗೆಸಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಪದೇ ಪದೇ ಬೀಳುತ್ತಿದೆ ಎಂದರೆ ಎಲ್ಲೋ ತೇವ ಸೇರಿ ಕರೆಂಟ್ ಸೋರುತ್ತಿರಬಹುದು. ಒಂದೊಂದೇ ಉಪಕರಣದ ಪ್ಲಗ್ ಕಿತ್ತು ಯಾವುದು ಕಾರಣವೆಂದು ಕಂಡುಹಿಡಿಯಬೇಕು. ಫ್ರಿಜ್ ಮುಟ್ಟಿದಾಗ ಬೆರಳ ತುದಿಯಲ್ಲಿ ಜುಮ್ಮೆಂದರೂ ಸರಿ, ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ ಬರುವ ತನಕ ಅದನ್ನು ಬಳಸಬಾರದು.

ಕರೆಂಟ್ ಹೋಗಿ ಕೂಡಲೇ ಬಂದರೆ ಕಂಪ್ರೆಸರ್‌ಗೆ ಕಷ್ಟ. ಅದರ ಎರಡು ಬದಿಯ ಒತ್ತಡ ಸಮವಾಗುವ ಮೊದಲೇ ಓಡಲು ಹೋಗಿ ಅದು ತಡವರಿಸಿ ಬಿಸಿಯಾಗುತ್ತದೆ. ಅದಕ್ಕಾಗಿಯೇ ಸುಮಾರು ಮೂರು ನಿಮಿಷ ತಡೆದು ಕರೆಂಟ್ ಕೊಡುವ ಸ್ಟೆಬಿಲೈಸರ್ ಹಾಕಿಸಿದೆ. ಇನ್ವರ್ಟರ್ ಕಂಪ್ರೆಸರ್ (ಬೇಕಾದಂತೆ ವೇಗ ಬದಲಿಸಿಕೊಂಡು ಓಡುವಂಥದ್ದು) ಇರುವ ಮಾದರಿಗಳಿಗೆ ಸ್ಟೆಬಿಲೈಸರ್ ಬೇಡವೆಂದು ಅಂಗಡಿಯಲ್ಲಿ ಹೇಳುತ್ತಾರೆ. ಪೆಟ್ಟಿಗೆಯ ಮೇಲೆ ಬರೆದ ವೋಲ್ಟೇಜ್ ಮಿತಿಯ ಒಳಗೆ ಅದು ನಿಜ. ನಮ್ಮ ಲೈನ್ ಆ ಮಿತಿಯೊಳಗೇ ಇರುತ್ತದೆಯೇ ಎಂದು ಸಂಜೆ ಎಲ್ಲರೂ ದೀಪ, ಪಂಪು ಹಾಕುವ ಹೊತ್ತಿನಲ್ಲಿ ಅಳೆದು ನೋಡಿ ನಿರ್ಧರಿಸುವುದು ಸೂಕ್ತ. ಸಿಡಿಲಿಗಾದರೋ ಸ್ಟೆಬಿಲೈಸರ್ ರಕ್ಷಣೆಯಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ದೂರದಲ್ಲಿ ಗುಡುಗು ಕೇಳುತ್ತಿದ್ದಂತೆಯೇ, ಸಿಡಿಲು ತಲೆಯ ಮೇಲೆ ಬರುವ ಮೊದಲೇ, ಒಣಗಿದ ಕೈಯಿಂದ ಪ್ಲಗ್ ಕಿತ್ತಿಡುತ್ತೇನೆ. ಪ್ಲಗ್ ಫ್ರಿಜ್‌ನ ಬೆನ್ನ ಹಿಂದಿರದೆ ಕೈಗೆ ಸಿಗುವ ಎತ್ತರದಲ್ಲಿರುವುದು ಇದಕ್ಕಾಗಿಯೇ.

ಒಳಗಿನ ತಾಪಮಾನದ ಬಗ್ಗೆ ನನ್ನ ನಿಯಮ ಸರಳ. ಕೆಳಗಿನ ಭಾಗ 4 ಡಿಗ್ರಿಯ ಆಸುಪಾಸು, ಫ್ರೀಜರ್ ಮೈನಸ್ 18. ತಿರುಗುಣಿಯ ಮೇಲಿನ 1, 2, 3 ಎಂಬ ಅಂಕಿಗಳು ಡಿಗ್ರಿಗಳಲ್ಲ. ಆದ್ದರಿಂದ ನಡುವಿನ ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು, ಅದರಲ್ಲಿ ಥರ್ಮಾಮೀಟರ್ ಅದ್ದಿ, ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಓದುತ್ತೇನೆ. ಮಳೆಗಾಲಕ್ಕೊಮ್ಮೆ, ಚಳಿಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಹೀಗೆ ನೋಡಿ ತಿರುಗುಣಿಯನ್ನು ಹೊಂದಿಸಬೇಕಾಗುತ್ತದೆ. ಹಸಿ ಹಂದಿ ಮಾಂಸ ಮತ್ತು ಮೀನು ಯಾವಾಗಲೂ ಮುಚ್ಚಳದ ಡಬ್ಬಿಯಲ್ಲಿ ಎಲ್ಲಕ್ಕಿಂತ ಕೆಳಗಿನ ತಟ್ಟೆಯಲ್ಲಿರುತ್ತವೆ. ಅವುಗಳ ರಸ ಬೇಯಿಸಿದ ಅಡುಗೆಯ ಮೇಲೆ ತೊಟ್ಟಿಕ್ಕಬಾರದು. ನಮ್ಮ ಕೈಲ್‌ಪೊಳ್ದ್ ಹಬ್ಬದ ಪಂದಿ ಕರಿ (ಹಂದಿ ಮಾಂಸದ ಸಾರು) ದೊಡ್ಡ ಪಾತ್ರೆಯಲ್ಲಿ ಉಳಿದರೆ ಅದನ್ನು ಹಾಗೆಯೇ ಒಳಗಿಡದೆ ಅಗಲವಾದ ಚಿಕ್ಕ ಡಬ್ಬಿಗಳಿಗೆ ಹಂಚಿ, ಆವಿ ಹೋದ ಕೂಡಲೇ, ಒಲೆಯಿಂದ ಇಳಿಸಿದ ಎರಡು ಗಂಟೆಯ ಒಳಗೆ ಇಡುತ್ತೇನೆ. ಕಾಚಂಪುಳಿ (ಕೊಡಗಿನ ಗಟ್ಟಿ ಕಪ್ಪು ಹುಳಿರಸ) ಹಾಕಿದೆ, ಹುಳಿಯಿರುವುದರಿಂದ ಕೆಡುವುದಿಲ್ಲ ಎಂಬ ಭರವಸೆಯ ಮೇಲೆ ರಾತ್ರಿಯಿಡೀ ಹೊರಗೆ ಬಿಡುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿದ ಮಾಂಸದ ಮಾತು ಬೇರೆ. ಅದರಲ್ಲಿ ನೀರು ಬಹಳ ಕಡಿಮೆ, ಗೊಜ್ಜಿನಂತಿರುವ ಕರಿಯಲ್ಲಿ ನೀರಿದೆ. ಬೆಣ್ಣೆಹಣ್ಣನ್ನು ಹಣ್ಣಾಗುವ ಮೊದಲು ಒಳಗಿಟ್ಟರೆ ಅದು ಸರಿಯಾಗಿ ಹಣ್ಣಾಗುವುದೇ ಇಲ್ಲ. ಜೇನು, ಕಾಚಂಪುಳಿ ಎರಡಕ್ಕೂ ಫ್ರಿಜ್ ಬೇಕಿಲ್ಲ.

ಕಕ್ಕಡ ತಿಂಗಳಿನಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಬಾಗಿಲಿನ ಹೊರಮೈ ಬೆವರುವುದು ದೋಷವಲ್ಲ. ಗಾಳಿಯಲ್ಲಿ ಅಷ್ಟು ತೇವವಿರುವಾಗ ತಣ್ಣಗಿನ ಯಾವ ಮೈಯ ಮೇಲಾದರೂ ನೀರು ಕೂಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ನೆಲದಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು. ನಿಜವಾದ ಕೆಲಸವಿರುವುದು ಬಾಗಿಲಿನ ರಬ್ಬರ್‌ನಲ್ಲಿ. ಅದರ ಮಡಿಕೆಯೊಳಗೆ ಕಪ್ಪು ಬೂಷ್ಟು ಕಟ್ಟಿ, ಕ್ರಮೇಣ ರಬ್ಬರ್ ಗಡುಸಾಗಿ, ಬಾಗಿಲು ಅಂಟದೆ ತೇವದ ಗಾಳಿ ಒಳನುಗ್ಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮಡಿಕೆಗಳನ್ನು ಬಿಡಿಸಿ ಒರೆಸಿ, ನಂತರ ಒಣಬಟ್ಟೆಯಿಂದ ಪೂರ್ತಿ ಒಣಗಿಸುತ್ತೇನೆ. ಹತ್ತು ರೂಪಾಯಿಯ ನೋಟನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆದರೆ ಬಿಗಿಯಾಗಿ ಬರಬೇಕು. ಎಲ್ಲಿ ಜಾರಿ ಬರುತ್ತದೋ ಅಲ್ಲಿ ರಬ್ಬರ್ ಸೋತಿದೆ.

ನನ್ನ ಫ್ರಿಜ್ ಫ್ರಾಸ್ಟ್ ಫ್ರೀ, ಅಂದರೆ ಒಳಗೆ ಕಟ್ಟುವ ಹಿಮವನ್ನು ತಾನಾಗಿಯೇ ಕರಗಿಸಿಕೊಳ್ಳುವಂಥದ್ದು. ಕರಗಿದ ನೀರು ಹಿಂಗೋಡೆಯ ಚಿಕ್ಕ ತೂತಿನ ಮೂಲಕ ಇಳಿದು ಕಂಪ್ರೆಸರ್ ಮೇಲಿನ ತಟ್ಟೆಗೆ ಸೇರಿ, ಅದರ ಶಾಖಕ್ಕೆ ಆವಿಯಾಗಬೇಕು. ನಮ್ಮ ಮಳೆಗಾಲದಲ್ಲಿ ಅದು ಬೇಗ ಆವಿಯಾಗುವುದಿಲ್ಲ. ತಟ್ಟೆ ತುಂಬಿ ನೆಲಕ್ಕೆ ಚೆಲ್ಲುತ್ತದೆ, ಸೊಳ್ಳೆಯೂ ಮೊಟ್ಟೆಯಿಡುತ್ತದೆ. ಪ್ಲಗ್ ಕಿತ್ತು, ಹಿಂದಿನ ತಟ್ಟೆಯನ್ನು ಖಾಲಿ ಮಾಡಿ ತೊಳೆಯುವುದನ್ನು ನಾನು ಮರೆಯುವುದಿಲ್ಲ. ತರಕಾರಿ ಪೆಟ್ಟಿಗೆಯ ಅಡಿಯಲ್ಲಿ ನೀರು ಕಂಡರೆ ಆ ತೂತು ಕಟ್ಟಿದೆ ಎಂದೇ ತಿಳಿಯಬೇಕು. ಸೂಜಿಯಿಲ್ಲದ ಸಿರಿಂಜಿನಲ್ಲಿ ಬೆಚ್ಚಗಿನ ನೀರು ಹಾಯಿಸಿದರೆ ಬಿಡುತ್ತದೆ. ಅಕ್ಕನ ಮನೆಯಲ್ಲಿರುವುದು ಡೈರೆಕ್ಟ್ ಕೂಲ್, ಅಂದರೆ ಫ್ರೀಜರ್‌ನ ಹಿಮವನ್ನು ನಾವೇ ಕರಗಿಸಬೇಕಾದದ್ದು. ಅದರಲ್ಲಿ ಹಿಮ ಅರ್ಧ ಸೆಂಟಿಮೀಟರ್ ದಪ್ಪವಾಗುತ್ತಿದ್ದಂತೆ ಆರಿಸಿ, ಬಾಗಿಲು ತೆರೆದಿಟ್ಟು, ಒಳಗೆ ಬಿಸಿನೀರಿನ ಪಾತ್ರೆಯಿಟ್ಟು ಕರಗಿಸಬೇಕು. ಚಾಕುವಿನಿಂದ ಕೆರೆಯಲೇಬಾರದು. ಹೊಸ ಫ್ರಿಜ್‌ಗಳಲ್ಲಿರುವ ಆರ್-600ಎ ಎಂಬ ಅನಿಲ ಐಸೋಬ್ಯೂಟೇನ್, ಅಡುಗೆ ಗ್ಯಾಸಿನಂತೆ ಹೊತ್ತಿಕೊಳ್ಳುವಂಥದ್ದು, ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಮಟ್ಟದಲ್ಲೇ ಕೂಡುವಂಥದ್ದು. ಕೊಳವೆ ತೂತಾದ ಸಂಶಯ ಬಂದರೆ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆದು, ಅಲ್ಲಿನ ಸ್ವಿಚ್ ಮುಟ್ಟದೆ ಹೊರಬರಬೇಕು. ರಿಪೇರಿಗೆ ಬಂದವರೂ ಈ ಅನಿಲದ ಕೆಲಸ ಕಲಿತವರೇ ಆಗಿರಬೇಕು.

2018ರ ಆಗಸ್ಟ್‌ನಂತಹ ಮಳೆಯಲ್ಲಿ ಕರೆಂಟ್ ದಿನಗಟ್ಟಲೆ ಬರುವುದಿಲ್ಲ ಎಂಬುದನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಬಾಗಿಲು ತೆರೆಯದಿದ್ದರೆ ಕೆಳಗಿನ ಭಾಗದ ಆಹಾರ ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗಿರುತ್ತದೆ. ಆದುದರಿಂದ ಜೂನ್ ಬರುವ ಮೊದಲೇ ಫ್ರೀಜರ್‌ನ ಖಾಲಿ ಜಾಗಕ್ಕೆ ಮುಕ್ಕಾಲು ತುಂಬಿದ ನೀರಿನ ಬಾಟಲಿಗಳನ್ನಿಡುತ್ತೇನೆ. ಒಂದು ಬಟ್ಟಲಲ್ಲಿ ನೀರು ಹೆಪ್ಪುಗಟ್ಟಿಸಿ ಅದರ ಮೇಲೊಂದು ನಾಣ್ಯವನ್ನೂ ಇಟ್ಟಿರುತ್ತೇನೆ. ಕರೆಂಟ್ ಬಂದ ಮೇಲೆ ನಾಣ್ಯ ತಳದಲ್ಲಿದ್ದರೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ತಿಳಿಯುತ್ತದೆ. ಆಗ ಮಾಂಸ, ಮೀನು ಎಲ್ಲವನ್ನೂ ತೋಟದ ಗುಂಡಿಗೆ ಹಾಕಿ ಮುಚ್ಚುತ್ತೇನೆ. ವಾಸನೆ ಬಂದಿಲ್ಲ ಎಂಬುದು ಪರೀಕ್ಷೆಯಲ್ಲ, ಕಾಯಿಲೆ ತರುವ ಎಷ್ಟೋ ಸೂಕ್ಷ್ಮಜೀವಿಗಳು ವಾಸನೆ ಕೊಡುವುದಿಲ್ಲ. ಮನೆಯ ದೀಪದ ಇನ್ವರ್ಟರ್‌ಗೆ ಫ್ರಿಜ್ ಜೋಡಿಸುವವರು ಅದು ಪ್ಯೂರ್ ಸೈನ್ ವೇವ್ (ಮೇನ್ ಲೈನಿನಂತೆಯೇ ನಯವಾದ ಅಲೆಯ ಕರೆಂಟ್ ಕೊಡುವಂಥದ್ದು) ಹೌದೇ, ಕಂಪ್ರೆಸರ್ ಹೊರಡುವಾಗ ಎಳೆಯುವ ಹೆಚ್ಚಿನ ಕರೆಂಟನ್ನು ತಾಳುತ್ತದೆಯೇ ಎಂದು ಮೊದಲು ವಿಚಾರಿಸಬೇಕು.

ಕುಶಾಲನಗರದಲ್ಲಿ ಕಾವೇರಿ ನೀರು ಮನೆಗಳಿಗೆ ನುಗ್ಗಿದಾಗ ಸಂಬಂಧಿಕರ ಫ್ರಿಜ್‌ನ ಕೆಳಭಾಗ ಮುಳುಗಿತ್ತು. ನೀರು ಇಳಿದ ಮೇಲೆ ಹೊರಗೆ ಒಣಗಿದಂತೆ ಕಂಡರೂ ಕಂಪ್ರೆಸರ್ ಚಾಲೂ ಮಾಡುವ ರಿಲೇ ಡಬ್ಬಿಯೊಳಗೆ ಕೆಸರು, ತಗಡಿನ ನಡುವಿನ ಫೋಮ್‌ನಲ್ಲಿ ನೀರು ಉಳಿದಿರುತ್ತದೆ. ಅಂಥದನ್ನು ಎಲೆಕ್ಟ್ರಿಷಿಯನ್ ತೆರೆದು ನೋಡದೆ ಪ್ಲಗ್ ಹಾಕಬಾರದು, ನೆರೆಯ ನೀರು ತಾಗಿದ ಆಹಾರವನ್ನು ಉಳಿಸಿಕೊಳ್ಳಲೂಬಾರದು. ಅವರು ಅದನ್ನು ಗುಜರಿಯವನಿಗೆ ಹಾಕದೆ, ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿದರು. ಒಯ್ಯುವ ತನಕ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದಾಗ ಅದರ ಬಾಗಿಲನ್ನು ಕಳಚಿ ಬೇರೆಯಾಗಿ ಇಟ್ಟಿದ್ದರು, ಏಕೆಂದರೆ ಆಟಕ್ಕೆ ಒಳಹೊಕ್ಕ ಮಗುವಿಗೆ ಒಳಗಿನಿಂದ ಬಾಗಿಲು ತೆರೆಯಲಾಗದೆ ಹೋಗಬಹುದು.