ರೂಟಿಂಗ್ ಟೇಬಲ್ ಎಡವಟ್ಟು: ಪ್ಯಾಕೆಟ್ ಎಲ್ಲಿ ದಾರಿ ತಪ್ಪಿತೆಂದು ಹಿಡಿಯುವ ಬಗೆ

ನೆಟ್‌ವರ್ಕ್ ಕೈಕೊಟ್ಟ ಕೂಡಲೇ ಇಂಟರ್‌ಫೇಸನ್ನು (ನೆಟ್‌ವರ್ಕ್ ಕಾರ್ಡನ್ನು) ಡೌನ್ ಮಾಡಿ ಅಪ್ ಮಾಡುವುದು, ಇಲ್ಲವೇ ಮೆಷಿನ್ನನ್ನೇ ರೀಬೂಟ್ ಮಾಡುವುದು ಹಲವರ ರೂಢಿ. ಕೆಲವೊಮ್ಮೆ ಸರಿಹೋಗುತ್ತದೆ, ಜೊತೆಗೆ ಸುಳಿವೂ ಅಳಿಸಿಹೋಗುತ್ತದೆ. ಮುಂದಿನ ವಾರ ಅದೇ ತೊಂದರೆ ಮರಳಿದಾಗ ಮತ್ತೆ ಮೊದಲಿನಿಂದ ಹುಡುಕಬೇಕು. ಹಾಗಾಗಿ ಏನನ್ನೂ ಮುಟ್ಟುವ ಮುನ್ನ ಈ ನಾಲ್ಕು ಕಮಾಂಡ್‌ಗಳ ಔಟ್‌ಪುಟ್ಟನ್ನು ಒಂದು ಫೈಲಿಗೆ ಹಾಕಿಡಿ. (ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ.)

ಐಪಿ ಅಡ್ರೆಸ್ ಶೋ
ಐಪಿ ರೂಲ್ ಶೋ
ಐಪಿ ರೂಟ್ ಶೋ ಟೇಬಲ್ ಆಲ್
ಐಪಿ ನೇಬರ್ ಶೋ

ಇವು ಲಿನಕ್ಸ್‌ಗೆ. ಮ್ಯಾಕ್‌ಓಎಸ್ ಮತ್ತು ಫ್ರೀಬಿಎಸ್‌ಡಿಯಲ್ಲಿ ರೂಟಿಂಗ್ ಟೇಬಲ್ (ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿ) ನೋಡಲು "ನೆಟ್‌ಸ್ಟ್ಯಾಟ್ -ಆರ್‌ಎನ್" ಬಳಸಿ. ಆ "ಎನ್" ಬಿಡಬೇಡಿ. ಬಿಟ್ಟರೆ ಪ್ರತಿ ವಿಳಾಸಕ್ಕೂ ಹೆಸರು ಹುಡುಕಲು ಡಿಎನ್ಎಸ್‌ಗೆ ಹೋಗುತ್ತದೆ. ನೆಟ್‌ವರ್ಕೇ ಇಲ್ಲದಾಗ ಕಮಾಂಡ್ ಸುಮ್ಮನೆ ನಿಂತುಬಿಡುತ್ತದೆ.

ಟೇಬಲ್ ಓದುವುದಕ್ಕಿಂತ ಕರ್ನಲ್ಲನ್ನೇ ಕೇಳಿ

ಟೇಬಲ್ಲನ್ನು ಕಣ್ಣಲ್ಲಿ ಓದಿ "ಇದೇ ಸಾಲು ಹೊಂದಬೇಕು" ಎಂದು ಊಹಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಊಹೆ ಬೇಕಿಲ್ಲ. ನಿರ್ದಿಷ್ಟ ವಿಳಾಸಕ್ಕೆ ಯಾವ ದಾರಿ ಹಿಡಿಯುತ್ತೀಯ ಎಂದು ಕರ್ನಲ್ಲನ್ನೇ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನೇ) ಕೇಳಬಹುದು:

ಐಪಿ ರೂಟ್ ಗೆಟ್ 203.0.113.9

ಮ್ಯಾಕ್ ಮತ್ತು ಬಿಎಸ್‌ಡಿಯಲ್ಲಿ ಇದೇ ಕೆಲಸಕ್ಕೆ "ರೂಟ್ -ಎನ್ ಗೆಟ್ 203.0.113.9". ಲಿನಕ್ಸ್ ಕೊಡುವ ಉತ್ತರದಲ್ಲಿ ಮೂರು ಪದ ನೋಡಿ: "ವಯಾ" ಮುಂದಿರುವುದು ಗೇಟ್‌ವೇ (ಪ್ಯಾಕೆಟ್ಟನ್ನು ಬೇರೆ ಜಾಲಕ್ಕೆ ದಾಟಿಸುವ ರೂಟರ್), "ಡೆವ್" ಮುಂದಿರುವುದು ಹೊರಹೋಗುವ ಇಂಟರ್‌ಫೇಸ್, "ಎಸ್‌ಆರ್‌ಸಿ" ಮುಂದಿರುವುದು ಪ್ಯಾಕೆಟ್ ಹೊತ್ತೊಯ್ಯುವ ನಿಮ್ಮ ವಿಳಾಸ. ಈ ಮೂರನೆಯದನ್ನು ಯಾರೂ ನೋಡುವುದಿಲ್ಲ. ಗೇಟ್‌ವೇ ಸರಿಯಿದ್ದರೂ ಸೋರ್ಸ್ ವಿಳಾಸ ತಪ್ಪಿದ್ದರೆ ಉತ್ತರ ಬೇರೆಲ್ಲೋ ಹೋಗಿ ಬೀಳುತ್ತದೆ. "ವಯಾ" ಇಲ್ಲದೆ ಬರೀ "ಡೆವ್" ಬಂದರೆ, ಆ ವಿಳಾಸ ತನ್ನ ನೇರ ನೆಟ್‌ವರ್ಕಿನಲ್ಲೇ ಇದೆ ಎಂದು ಕರ್ನಲ್ ನಂಬಿದೆ ಎಂದರ್ಥ.

ಆಯ್ಕೆಯ ನಿಯಮ ಇಷ್ಟೇ: ಅತಿ ಉದ್ದದ ಪ್ರಿಫಿಕ್ಸ್ ಗೆಲ್ಲುತ್ತದೆ (/ ನಂತರದ ಸಂಖ್ಯೆ ದೊಡ್ಡದಾದಷ್ಟೂ ಪ್ರಿಫಿಕ್ಸ್ ಉದ್ದ). 10.20.3.0/24 ಇದ್ದರೆ 10.20.0.0/16 ಸೋಲುತ್ತದೆ, 0.0.0.0/0 ಅಂದರೆ ಡೀಫಾಲ್ಟ್ ಎಲ್ಲಕ್ಕಿಂತ ಕೊನೆ. ಪ್ರಿಫಿಕ್ಸ್ ಒಂದೇ ಆಗಿದ್ದಾಗ ಮಾತ್ರ ಮೆಟ್ರಿಕ್ ಲೆಕ್ಕಕ್ಕೆ ಬರುತ್ತದೆ. ಕಡಿಮೆ ಮೆಟ್ರಿಕ್ ಇರುವುದಕ್ಕೆ ಆದ್ಯತೆ. /16 ರೂಟಿನ ಮೆಟ್ರಿಕ್ಕನ್ನು ಎಷ್ಟೇ ಇಳಿಸಿದರೂ ಅದು /24 ಅನ್ನು ಸೋಲಿಸದು.

ಎರರ್ ಮೆಸೇಜ್ ಏನು ಹೇಳುತ್ತಿದೆ

"ನೆಟ್‌ವರ್ಕ್ ಈಸ್ ಅನ್‌ರೀಚಬಲ್" ಎಂದು ತಕ್ಷಣ ಬಂದರೆ ಆ ವಿಳಾಸಕ್ಕೆ ಹೊಂದುವ ರೂಟೇ ಇಲ್ಲ. ಸಾಮಾನ್ಯವಾಗಿ ಡೀಫಾಲ್ಟ್ ರೂಟ್ ಕಾಣೆಯಾಗಿರುತ್ತದೆ. ಇಂಟರ್‌ಫೇಸ್‌ಗೆ 169.254 ರಿಂದ ಶುರುವಾಗುವ ವಿಳಾಸ ಸಿಕ್ಕಿದ್ದರೆ ಡಿಎಚ್‌ಸಿಪಿ (ವಿಳಾಸ ಹಂಚುವ ಸೇವೆ) ಉತ್ತರಿಸಿಲ್ಲವೆಂದು ತಿಳಿಯಿರಿ. ರೂಟ್ ಹುಡುಕುವುದನ್ನು ಬಿಟ್ಟು ಅದನ್ನು ಸರಿಪಡಿಸಿ.

ಪಿಂಗ್‌ನಲ್ಲಿ "ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್" ಬಂದಾಗ ಆ ಸಾಲಿನ "ಫ್ರಮ್" ವಿಳಾಸ ಯಾರದೆಂದು ನೋಡಿ. ನಿಮ್ಮದೇ ಆಗಿದ್ದರೆ ರೂಟ್ ಇದೆ, ಆದರೆ ಮುಂದಿನ ಹೆಜ್ಜೆಯ ಯಂತ್ರ ಎಆರ್‌ಪಿಗೆ (ಐಪಿ ವಿಳಾಸ ಹೇಳಿ ಅದರ ಹಾರ್ಡ್‌ವೇರ್ ವಿಳಾಸ ಕೇಳುವ ಕೂಗಿಗೆ) ಓಗೊಡುತ್ತಿಲ್ಲ. "ಐಪಿ ನೇಬರ್ ಶೋ" ನೋಡಿದರೆ ಆ ವಿಳಾಸದೆದುರು "ಇನ್‌ಕಂಪ್ಲೀಟ್" ಅಥವಾ "ಫೇಲ್ಡ್" ಎಂದಿರುತ್ತದೆ. ಫ್ರಮ್ ವಿಳಾಸ ಬೇರೆ ರೂಟರಿನದಾಗಿದ್ದರೆ ತೊಂದರೆ ಆ ರೂಟರಿನ ಹತ್ತಿರದ್ದು, ನಿಮ್ಮ ಟೇಬಲ್ಲಿನದಲ್ಲ.

"ನೋ ರೂಟ್ ಟು ಹೋಸ್ಟ್" ಎಂಬುದು ದಾರಿತಪ್ಪಿಸುವ ಹೆಸರು. ರೂಟ್ ಇದ್ದೂ ಇದು ಬರುತ್ತದೆ: ಎಆರ್‌ಪಿ ಸೋತಾಗ, ಇಲ್ಲವೇ ಎದುರಿನ ಫೈರ್‌ವಾಲ್ ಐಸಿಎಂಪಿ (ದೋಷ ತಿಳಿಸುವ ಸಂದೇಶ) ಕಳಿಸಿ ತಿರಸ್ಕರಿಸಿದಾಗ. ಅದೇ ಯಂತ್ರಕ್ಕೆ ಪಿಂಗ್ ಹೋಗುತ್ತಿದ್ದು ಒಂದು ಪೋರ್ಟ್‌ಗೆ ಮಾತ್ರ ಈ ಮೆಸೇಜ್ ಬಂದರೆ ಫೈರ್‌ವಾಲನ್ನೇ ಅನುಮಾನಿಸಿ.

ಮಾಸ್ಕ್ ತಪ್ಪಿದಾಗ

ವಿಳಾಸದ ಮಾಸ್ಕ್ (/ ನಂತರದ ಸಂಖ್ಯೆ) ತಪ್ಪುವುದು ಮೇಲ್ನೋಟಕ್ಕೆ ಕಾಣದ ತಪ್ಪು. 192.168.1.10/24 ಎಂದಿರಬೇಕಾದ ಕಡೆ /16 ಎಂದು ಹಾಕಿದ್ದರೆ ಅಕ್ಕಪಕ್ಕದ ಯಂತ್ರಗಳು ಸಿಗುತ್ತವೆ, ಇಂಟರ್ನೆಟ್ಟೂ ಬರುತ್ತದೆ, 192.168.5.20 ಮಾತ್ರ ಸಿಗುವುದಿಲ್ಲ. ಅದು ತನ್ನ ನೆಟ್‌ವರ್ಕಿನದೇ ಎಂದು ನಂಬಿದ ಕರ್ನಲ್ ಗೇಟ್‌ವೇಗೆ ಕೊಡದೆ ನೇರವಾಗಿ ಎಆರ್‌ಪಿ ಕೂಗುತ್ತಾ ಕೂರುತ್ತದೆ. "ಐಪಿ ರೂಟ್ ಗೆಟ್ 192.168.5.20" ಕೊಟ್ಟರೆ "ವಯಾ" ಇರುವುದಿಲ್ಲ, ಅಲ್ಲಿಗೆ ಗೊತ್ತಾಗುತ್ತದೆ. ಡಾಕರ್ (ಕಂಟೇನರ್ ಓಡಿಸುವ ತಂತ್ರಾಂಶ) ಹಾಕಿದ ಮೆಷಿನ್‌ಗಳಲ್ಲಿ ಇದರ ಸೋದರ ಸಮಸ್ಯೆ: ಡಾಕರ್ ಬ್ರಿಡ್ಜ್ ರೂಢಿಯಂತೆ 172.17.0.0/16 ಹಿಡಿದುಕೊಳ್ಳುತ್ತದೆ. ನಿಮ್ಮ ಕಚೇರಿ ಜಾಲದಲ್ಲೂ ಅದೇ ಶ್ರೇಣಿ ಇದ್ದರೆ ಅಲ್ಲಿನ ಸರ್ವರ್‌ಗಳು ಈ ಒಂದು ಮೆಷಿನ್‌ಗೆ ಮಾತ್ರ ಮಾಯವಾಗುತ್ತವೆ. ರೂಟ್ ಅಳಿಸಬೇಡಿ, ಡಾಕರ್ ಮತ್ತೆ ಹಾಕುತ್ತದೆ. ಅದರ ಡೀಮನ್ ಕಾನ್ಫಿಗ್‌ನಲ್ಲಿ ಬ್ರಿಡ್ಜ್ ವಿಳಾಸವನ್ನೇ ಬದಲಿಸಿ.

ಎರಡು ಡೀಫಾಲ್ಟ್, ಮತ್ತು ವಿಪಿಎನ್

ಕೇಬಲ್ ಮತ್ತು ವೈಫೈ ಎರಡೂ ಇದ್ದರೆ ಎರಡು ಡೀಫಾಲ್ಟ್ ರೂಟ್ ಇರುವುದು ಸಹಜ. ನೆಟ್‌ವರ್ಕ್‌ಮ್ಯಾನೇಜರ್ ಸಾಮಾನ್ಯವಾಗಿ ಕೇಬಲ್‌ಗೆ 100, ವೈಫೈಗೆ 600 ಮೆಟ್ರಿಕ್ ಕೊಡುತ್ತದೆ. 20100, 20600 ಥರದ ಸಂಖ್ಯೆ ಕಂಡರೆ ಗಾಬರಿ ಬೇಡ. ಆ ಸಂಪರ್ಕದಲ್ಲಿ ಇಂಟರ್ನೆಟ್ ಸಿಗುತ್ತಿಲ್ಲವೆಂದು ಅದು 20000 ದಂಡ ಸೇರಿಸಿದೆ.

ವಿಪಿಎನ್ ಹಾಕಿದಾಗ ಹಳೆಯ ಡೀಫಾಲ್ಟ್ ಇನ್ನೂ ಇದ್ದರೂ ಟ್ರಾಫಿಕ್ ಸುರಂಗದೊಳಗೆ ಹೋಗುವುದನ್ನು ಕಂಡು ಗೊಂದಲವಾಗಬಹುದು. ಓಪನ್‌ವಿಪಿಎನ್ ಸಾಮಾನ್ಯವಾಗಿ 0.0.0.0/1 ಮತ್ತು 128.0.0.0/1 ಎಂಬ ಎರಡು ರೂಟ್ ಹಾಕುತ್ತದೆ. ಎರಡೂ ಸೇರಿ ಇಡೀ ಐಪಿವಿ4 ಆವರಿಸುತ್ತವೆ, /0 ಗಿಂತ ಉದ್ದವಾದ್ದರಿಂದ ಗೆಲ್ಲುತ್ತವೆ. ವೈರ್‌ಗಾರ್ಡ್‌ನ ಡಬ್ಲ್ಯುಜಿ-ಕ್ವಿಕ್ ಬೇರೆಯದೇ ಟೇಬಲ್ ಬಳಸುತ್ತದೆ, ಸಾಮಾನ್ಯವಾಗಿ 51820. ಬರೀ "ಐಪಿ ರೂಟ್ ಶೋ" ತೋರಿಸುವುದು ಮೇನ್ ಟೇಬಲ್ ಒಂದನ್ನೇ, ಆದ್ದರಿಂದ ಅಲ್ಲಿ ಇದರ ಸುಳಿವೇ ಸಿಗದು. "ಐಪಿ ರೂಲ್ ಶೋ" ಕೊಟ್ಟಾಗ 0, 32766, 32767 ಎಂಬ ಮೂರು ಸಾಲು ಬಿಟ್ಟು ಬೇರೇನಾದರೂ ಕಂಡರೆ ಯಾರೋ ನಿಯಮ ಸೇರಿಸಿದ್ದಾರೆ. ಅದು ತೋರಿಸುವ ಟೇಬಲ್ಲನ್ನೂ ಓದಿ.

ಹೋದದ್ದು ಸರಿ, ಬಂದದ್ದೆಲ್ಲಿ

ಹೆಚ್ಚು ಕಾಡುವುದು ಇದು. ಸರ್ವರ್‌ಗೆ ಎರಡು ಕಾರ್ಡ್: ಎತ್0ರಲ್ಲಿ 10.0.1.5 ಮತ್ತು ಡೀಫಾಲ್ಟ್ ರೂಟ್, ಎತ್1ರಲ್ಲಿ 10.0.2.5. ಹೊರಗಿನ 198.51.100.7 ಎಂಬ ಯಂತ್ರ 10.0.2.5ಕ್ಕೆ ಕನೆಕ್ಟ್ ಆಗಲು ನೋಡುತ್ತದೆ. ಎತ್1ರ ಮೇಲೆ ಟಿಸಿಪಿಡಂಪ್ (ಪ್ಯಾಕೆಟ್‌ಗಳನ್ನು ತೋರಿಸುವ ಕಮಾಂಡ್) ಹಾಕಿದರೆ ಪ್ಯಾಕೆಟ್ ಬರುವುದು ಕಾಣುತ್ತದೆ, ಉತ್ತರ ಮಾತ್ರ ಹೊರಡುವುದಿಲ್ಲ. ಕಾರಣ ಆರ್‌ಪಿ_ಫಿಲ್ಟರ್ ಎಂಬ ಕರ್ನಲ್ ಸೆಟ್ಟಿಂಗ್. ಅದರ ಬೆಲೆ 1 ಇದ್ದರೆ, ಕಳಿಸಿದವನಿಗೆ ಮರಳುವ ದಾರಿ ಅದೇ ಇಂಟರ್‌ಫೇಸಿನಲ್ಲಿ ಇರದಿದ್ದಲ್ಲಿ ಕರ್ನಲ್ ಪ್ಯಾಕೆಟ್ಟನ್ನು ಸದ್ದಿಲ್ಲದೆ ಎಸೆಯುತ್ತದೆ. "ಎನ್‌ಸ್ಟ್ಯಾಟ್ -ಎಝಡ್" ಔಟ್‌ಪುಟ್‌ನಲ್ಲಿ ಐಪಿರಿವರ್ಸ್‌ಪಾತ್‌ಫಿಲ್ಟರ್ ಎಣಿಕೆ ಏರುತ್ತಿದ್ದರೆ ಇದೇ ಖಚಿತ. "ಆಲ್" ಮತ್ತು ಆ ಇಂಟರ್‌ಫೇಸ್, ಎರಡರಲ್ಲಿ ದೊಡ್ಡ ಬೆಲೆಯೇ ಜಾರಿಗೆ ಬರುತ್ತದೆ. ಒಂದನ್ನು ಮಾತ್ರ 0 ಮಾಡಿ ಏನೂ ಆಗಲಿಲ್ಲವೆಂದು ಕೂರಬೇಡಿ.

ಫಿಲ್ಟರನ್ನು ಸಡಿಲಿಸುವುದು ಅರ್ಧ ಮದ್ದು. ಆಗ ಉತ್ತರ 10.0.2.5 ವಿಳಾಸ ಹೊತ್ತು ಎತ್0 ಮೂಲಕ ಹೊರಡುತ್ತದೆ, ಮುಂದಿನ ಫೈರ್‌ವಾಲ್ ಅದನ್ನು ತಡೆಯುವ ಸಂಭವ ಹೆಚ್ಚು. ಸರಿಯಾದ ದಾರಿ ಎರಡನೇ ವಿಳಾಸಕ್ಕೆ ಅದರದೇ ಟೇಬಲ್ ಕೊಡುವುದು:

ಐಪಿ ರೂಟ್ ಆ್ಯಡ್ 10.0.2.0/24 ಡೆವ್ ಎತ್1 ಟೇಬಲ್ 102
ಐಪಿ ರೂಟ್ ಆ್ಯಡ್ ಡೀಫಾಲ್ಟ್ ವಯಾ 10.0.2.1 ಡೆವ್ ಎತ್1 ಟೇಬಲ್ 102
ಐಪಿ ರೂಲ್ ಆ್ಯಡ್ ಫ್ರಮ್ 10.0.2.5 ಟೇಬಲ್ 102

ಈಗ "ಐಪಿ ರೂಟ್ ಗೆಟ್ 198.51.100.7 ಫ್ರಮ್ 10.0.2.5" ಕೇಳಿ, ಎತ್1 ಬರಬೇಕು. ಆರ್‌ಪಿ_ಫಿಲ್ಟರ್ 1 ಇದ್ದರೂ ಕೆಲಸ ಮಾಡುತ್ತದೆ, ಏಕೆಂದರೆ ಅದರ ಪರಿಶೀಲನೆಯೂ ಇದೇ ನಿಯಮ ನೋಡುತ್ತದೆ.

ರೂಟ್ ಸೇರಿಸುವಾಗ

"ಫೈಲ್ ಎಕ್ಸಿಸ್ಟ್ಸ್" ಎಂದರೆ ಅದೇ ಪ್ರಿಫಿಕ್ಸ್, ಅದೇ ಮೆಟ್ರಿಕ್ಕಿನ ರೂಟ್ ಆಗಲೇ ಇದೆ. "ಆ್ಯಡ್" ಬದಲು "ರಿಪ್ಲೇಸ್" ಬಳಸಿ. "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್" ಬಂದರೆ ಬಹುಶಃ 10.20.3.7/16 ಎಂದು ಬರೆದಿದ್ದೀರಿ, 10.20.0.0/16 ಆಗಬೇಕು. "ನೆಕ್ಸ್ಟ್‌ಹಾಪ್ ಹ್ಯಾಸ್ ಇನ್‌ವ್ಯಾಲಿಡ್ ಗೇಟ್‌ವೇ" ಎಂದರೆ ನೀವು ಕೊಟ್ಟ ಗೇಟ್‌ವೇ ನಿಮ್ಮ ಯಾವ ನೇರ ನೆಟ್‌ವರ್ಕಿನಲ್ಲೂ ಇಲ್ಲ.

ಎಸ್‌ಎಸ್‌ಎಚ್ ಮೂಲಕ ದೂರದ ಮೆಷಿನ್‌ನ ಡೀಫಾಲ್ಟ್ ಬದಲಿಸುವಾಗ ಡಿಲೀಟ್ ಮಾಡಿ ಆಮೇಲೆ ಆ್ಯಡ್ ಮಾಡುವ ಸಾಹಸ ಬೇಡ. ಡಿಲೀಟ್ ಆದ ಕ್ಷಣವೇ ಸೆಶನ್ ಹೋಗುತ್ತದೆ. ಮೊದಲು ಟಿಮಕ್ಸ್ (ಸೆಶನ್ ಕಡಿದರೂ ಓಡುತ್ತಲೇ ಇರುವ ಟರ್ಮಿನಲ್) ಒಳಗೆ, 120 ಸೆಕೆಂಡ್ ಸ್ಲೀಪ್ ಆಗಿ ಹಳೆಯ ಗೇಟ್‌ವೇಯನ್ನು ಮರಳಿಸುವ ಕಮಾಂಡ್ ಓಡಿಸಿಡಿ, ನಂತರ ಇನ್ನೊಂದು ವಿಂಡೋದಲ್ಲಿ "ರಿಪ್ಲೇಸ್" ಮಾಡಿ. ಹೊಸ ಎಸ್‌ಎಸ್‌ಎಚ್ ಕನೆಕ್ಷನ್ ತೆರೆದು ನೋಡಿ, ಬಂತೆಂದರೆ ಕಾಯುತ್ತಿರುವುದನ್ನು ಕೊಲ್ಲಿ. ಉಬುಂಟುವಿನ "ನೆಟ್‌ಪ್ಲಾನ್ ಟ್ರೈ" ಇದನ್ನೇ ಮಾಡುತ್ತದೆ: 120 ಸೆಕೆಂಡಿನೊಳಗೆ ನೀವು ಒಪ್ಪದಿದ್ದರೆ ಹಿಂದಕ್ಕೆ ಹೋಗುತ್ತದೆ.

ಐಪಿ ಕಮಾಂಡಿನಿಂದ ಹಾಕಿದ್ದು ರೀಬೂಟ್‌ಗೆ ಉಳಿಯದು. ಆ ಮೆಷಿನ್ನನ್ನು ಯಾವುದು ನೋಡಿಕೊಳ್ಳುತ್ತಿದೆಯೋ (ನೆಟ್‌ಪ್ಲಾನ್, ನೆಟ್‌ವರ್ಕ್‌ಮ್ಯಾನೇಜರ್, ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ) ಅಲ್ಲೇ ಬರೆಯಿರಿ. ಹಾಕಿದ ರೂಟ್ ತಾನಾಗಿ ಮಾಯವಾಗುತ್ತಿದ್ದರೆ "ಐಪಿ ಮಾನಿಟರ್ ರೂಟ್" ಓಡಿಸಿ ಬಿಡಿ, ಅಳಿಸುವ ಕ್ಷಣ ಕಾಣುತ್ತದೆ; ಆ ಸಮಯವನ್ನು ಸಿಸ್ಟಮ್ ಲಾಗ್‌ನೊಂದಿಗೆ ಹೋಲಿಸಿದರೆ ಅಳಿಸಿದವರು ಯಾರೆಂದು ತಿಳಿಯುತ್ತದೆ.

ಐಪಿವಿ6ಗೆ ಟೇಬಲ್ಲೇ ಬೇರೆ: "ಐಪಿ -6 ರೂಟ್ ಶೋ". ಲಿನಕ್ಸ್ ಮೆಷಿನ್ನನ್ನು ರೂಟರ್ ಮಾಡಲು ಐಪಿವಿ6 ಫಾರ್ವರ್ಡಿಂಗ್ 1 ಮಾಡಿದ ಮೇಲೆ ಡೀಫಾಲ್ಟ್ ಕಾಣೆಯಾದರೆ, ಫಾರ್ವರ್ಡಿಂಗ್ ಇರುವಾಗ ಕರ್ನಲ್ ರೂಟರ್ ಅಡ್ವರ್ಟೈಸ್‌ಮೆಂಟ್ (ರೂಟರ್ ತನ್ನ ಇರವು ಸಾರುವ ಸಂದೇಶ) ಒಪ್ಪುವುದಿಲ್ಲ ಎಂಬುದೇ ಕಾರಣ. ಆ ಇಂಟರ್‌ಫೇಸಿನ ಆಕ್ಸೆಪ್ಟ್_ಆರ್‌ಎ ಬೆಲೆಯನ್ನು 2 ಮಾಡಿ.