ಮಿದುಳಿನ ರಕ್ತನಾಳದ ಉಬ್ಬಿಗೆ ಅಯಸ್ಕಾಂತದ ದಾರಿ: ಕಾಲೇಜು ಲ್ಯಾಬಿನಲ್ಲಿ ಮಾದರಿ ಕಟ್ಟುವ ಬಗೆ

ಮಿದುಳಿನ ರಕ್ತನಾಳ ಕವಲೊಡೆಯುವ ಜಾಗದಲ್ಲಿ ಗೋಡೆ ದುರ್ಬಲವಾಗಿ ಬಲೂನಿನಂತೆ ಉಬ್ಬುವುದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ಹೆಚ್ಚಿನವು ಕಾಳುಮೆಣಸಿನಷ್ಟು, ಅಪರೂಪಕ್ಕೆ ಅಡಿಕೆಯಷ್ಟು. ಒಡೆದರೆ ಜೀವಕ್ಕೆ ಕುತ್ತು. ಸಿಡಿಲು ಬಡಿದಂತೆ, ಹಿಂದೆಂದೂ ಕಾಣದ ತಲೆನೋವು ಒಮ್ಮೆಗೇ ಬಂದರೆ ಮುಲಾಮು ಹಚ್ಚಿ ಮಲಗಿಸಬೇಡಿ. 108ಕ್ಕೆ ಕರೆ ಮಾಡಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ತೀರ್ಥಹಳ್ಳಿ, ಹೊಸನಗರದ ಒಳಹಳ್ಳಿಗಳಿಂದ ದಾರಿಯೇ ದೂರ. ಮನೆಯಲ್ಲಿ ಕಾದ ಹೊತ್ತು ಮತ್ತೆ ಸಿಗುವುದಿಲ್ಲ.

ಚಿಕಿತ್ಸೆಯ ಒಂದು ದಾರಿ ತೊಡೆಸಂದಿನ ಅಥವಾ ಮಣಿಕಟ್ಟಿನ ನಾಳದಿಂದ ಸಣ್ಣ ತಂತಿ ತೂರಿಸುವುದು. ಅದರ ಮೇಲೆ ಕ್ಯಾತಿಟರ್ ಎಂಬ ತೆಳು ಕೊಳವೆ ಸಾಗಿಸಿ, ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬಿಸುತ್ತಾರೆ. ಇಟಲಿಯ ವೈದ್ಯ ಗೀಡೊ ಗುಗ್ಲಿಯೆಲ್ಮಿ ರೂಪಿಸಿದ ಈ ಸುರುಳಿಗೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ಸಿಕ್ಕಿತು. ಕಷ್ಟವಿರುವುದು ತಂತಿಯ ತುದಿಯಲ್ಲಿ. ವೈದ್ಯರು ಹೊರಗೆ ಬೆರಳಲ್ಲಿ ತಿರುವಿದ್ದು, ನಾಲ್ಕಾರು ಬಾಗು ದಾಟಿ ಒಂದು ಮೀಟರ್ ಆಚೆಯ ತುದಿಗೆ ಸರಿಯಾಗಿ ಮುಟ್ಟುವುದಿಲ್ಲ. ತುದಿಯನ್ನೇ ಅಯಸ್ಕಾಂತವಾಗಿಸಿ ಹೊರಗಿನ ಕ್ಷೇತ್ರದಿಂದ ತಿರುಗಿಸಬಹುದು ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಸಿಲಿಕೋನ್ ನಾಳಗಳ ಮಾದರಿಯಲ್ಲಿ ತೋರಿಸಿತು. ಅದೇ ತತ್ವವನ್ನು ಶಿವಮೊಗ್ಗದ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಮೇಜಿನ ಮೇಲೆ ಮಾಡಿ ನೋಡಬಹುದು. ಇದು ಕಲಿಕೆಯ ಮಾದರಿ ಮಾತ್ರ. ಮನುಷ್ಯರ ಮೇಲಾಗಲೀ ಪ್ರಾಣಿಗಳ ಮೇಲಾಗಲೀ ಬಳಸುವಂಥದ್ದಲ್ಲ.

ಒಂದು ಮಾತು ಮೊದಲೇ ಮನಸ್ಸಿನಲ್ಲಿರಲಿ: ಅಯಸ್ಕಾಂತದ ಕೆಲಸ ತುದಿಯನ್ನು ತಿರುಗಿಸುವುದು, ಎಳೆಯುವುದಲ್ಲ. ಮುಂದೆ ತಳ್ಳುವುದು ಕೈ. ಮಾದರಿಯ ಅಳತೆಗಳೆಲ್ಲ ಇದಕ್ಕಾಗಿಯೇ ಇವೆ.

ನಾಳ ಮತ್ತು ಉಬ್ಬು

50 ಮಿ.ಮೀ. ವ್ಯಾಸ, 40 ಮಿ.ಮೀ. ಎತ್ತರದ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಅರ್ಧ ಎತ್ತರದಲ್ಲಿ ಎದುರುಬದುರಾಗಿ ಎರಡು ತೂತು ಕೊರೆದು 4 ಮಿ.ಮೀ. ಸ್ಟೀಲ್ ಕಡ್ಡಿ ಹಾಯಿಸಿ. ಸ್ವೆಟರ್ ಹೆಣೆಯುವ ಕಡ್ಡಿಯೂ ಆದೀತು. ಕಡ್ಡಿಗೆ ತೆಳುವಾಗಿ ವ್ಯಾಸಲಿನ್ ಸವರಿ. ಜೇನುಮೇಣವನ್ನು 8 ಮಿ.ಮೀ. ಉಂಡೆ ಮಾಡಿ, ಕಡ್ಡಿಯ ಮಗ್ಗುಲಿಗೆ 4 ಮಿ.ಮೀ. ಅಗಲದ ಕುತ್ತಿಗೆ ಬರುವಂತೆ ಅಂಟಿಸಿ. ಕುತ್ತಿಗೆ ಇದಕ್ಕಿಂತ ಅಗಲವಾದರೆ ತುದಿ ಸುಲಭವಾಗಿ ಹೊಕ್ಕುಬಿಡುತ್ತದೆ, ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಪಾರದರ್ಶಕ ಪ್ಲಾಟಿನಂ-ಕ್ಯೂರ್ ಸಿಲಿಕೋನ್ (ಎರಡು ದ್ರವ ಬೆರೆಸಿದಾಗ ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಬಗೆ) ತಂದು, ಎರಡು ಭಾಗವನ್ನೂ 45 ಮಿ.ಲೀ.ಯಂತೆ ಕಲಸಿ ಡಬ್ಬಿಗೆ ಹುಯ್ಯಬೇಕು. ಇಲ್ಲಿ ಕೆಡುವ ಕಾರಣ ಬಹುತೇಕ ಒಂದೇ, ಗಂಧಕ. ರಬ್ಬರ್ ಗ್ಲೌಸ್ ಅಥವಾ ಗಂಧಕವಿರುವ ಮಾಡೆಲಿಂಗ್ ಕ್ಲೇ ತಾಗಿದ ಜಾಗ ಎಷ್ಟು ದಿನ ಬಿಟ್ಟರೂ ಅಂಟಂಟಾಗಿಯೇ ಇರುತ್ತದೆ. ವಿನೈಲ್ ಗ್ಲೌಸ್ ಹಾಕಿ, ತೂತಿನ ಸಂದುಗಳನ್ನು ಟೇಪಿನಿಂದ ಮುಚ್ಚಿ. ನಿರ್ವಾತ ಪಂಪ್ ಇಲ್ಲದಿದ್ದರೆ ಒಂದಡಿ ಎತ್ತರದಿಂದ ನೂಲಿನಂತೆ ಸುರಿಯಿರಿ. ದೊಡ್ಡ ಗುಳ್ಳೆಗಳು ಒಡೆಯುತ್ತವೆ. 24 ಗಂಟೆ ಬಿಟ್ಟು ಕಡ್ಡಿಯನ್ನು ತಿರುಗಿಸುತ್ತ ಎಳೆದುಕೊಳ್ಳಿ. ಜೇನುಮೇಣ ಕರಗುವುದು 62ರಿಂದ 65 ಡಿಗ್ರಿಯಲ್ಲಿ; ಹಾಗಾಗಿ 75 ಡಿಗ್ರಿ ನೀರಿನಲ್ಲಿ ಅಚ್ಚನ್ನು ಮುಳುಗಿಸಿ, ಸಿರಿಂಜಿನಿಂದ ಬಿಸಿನೀರು ಹಾಯಿಸಿ ಮೇಣ ಪೂರ್ತಿ ತೊಳೆಯಿರಿ.

ರಕ್ತದ ಬದಲಿಗೆ

400 ಮಿ.ಲೀ. ಗ್ಲಿಸರಿನ್, 600 ಮಿ.ಲೀ. ಡಿಸ್ಟಿಲ್ಡ್ ನೀರು. 25 ಡಿಗ್ರಿಯಲ್ಲಿ ಇದರ ಸ್ನಿಗ್ಧತೆ (ದ್ರವದ ಮಂದತನ) ಸುಮಾರು 4 ಮಿಲಿಪ್ಯಾಸ್ಕಲ್-ಸೆಕೆಂಡ್, ಅಂದರೆ ರಕ್ತದ ಹತ್ತಿರ. ಡಿಸೆಂಬರಿನ ಮಲೆನಾಡ ಬೆಳಗಿನಲ್ಲಿ ದ್ರವ ಮಂದವಾಗಿ ಹರಿವು ತಾನಾಗಿ ತಗ್ಗುತ್ತದೆ, ಆದ್ದರಿಂದ ಉಷ್ಣತೆ ಬರೆದಿಟ್ಟುಕೊಳ್ಳದ ಅಳತೆಗೆ ಬೆಲೆಯಿಲ್ಲ. ಗ್ಲಿಸರಿನ್ ಅನ್ನು ತೂಕದಲ್ಲಿ ನೂರಕ್ಕೆ 60 ಭಾಗಕ್ಕೆ ಏರಿಸಿದರೆ ನಾಳದ ಅಂಚು ಕಣ್ಣಿಗೆ ಮಾಯವಾಗಿ ನೋಟ ಬಲು ಚೆಂದ, ಆದರೆ ದ್ರವ ರಕ್ತಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮಂದವಾಗುತ್ತದೆ. ಹರಿವು ನೋಡಬೇಕಾದವರು ಆ ಆಸೆ ಬಿಡಬೇಕು.

ಪಂಪ್ ಬೇಡ, ಡ್ರಿಪ್ ಸ್ಟ್ಯಾಂಡ್ ಸಾಕು. 4 ಮಿ.ಮೀ. ಒಳವ್ಯಾಸದ 60 ಸೆಂ.ಮೀ. ಕೊಳವೆಯಲ್ಲಿ ನಿಮಿಷಕ್ಕೆ 250 ಮಿ.ಲೀ. ಹರಿಯಲು ಲೆಕ್ಕದ ಪ್ರಕಾರ 15 ಸೆಂ.ಮೀ. ಎತ್ತರ ಬೇಕು, ಕನೆಕ್ಟರುಗಳ ತಡೆಯೂ ಸೇರುವುದರಿಂದ 20ರಿಂದ 25ಕ್ಕೆ ಇಟ್ಟು, ಅಳತೆ ಪಾತ್ರೆ ಮತ್ತು ಗಡಿಯಾರದಿಂದ ಸರಿಮಾಡಿ. ತುಂಬಿಸುವಾಗ ಉಬ್ಬು ಕೆಳಮುಖವಾಗಿರಲಿ. ಮೇಲ್ಮುಖವಾಗಿದ್ದರೆ ಗಾಳಿ ಗುಳ್ಳೆ ಅದರಲ್ಲೇ ಕೂರುತ್ತದೆ, ಎಷ್ಟು ತಟ್ಟಿದರೂ ಏಳುವುದಿಲ್ಲ.

ತಂತಿ

ಹಿಡಿಯುವ ಭಾಗಕ್ಕೆ 0.3 ಮಿ.ಮೀ. ನಿಟಿನಾಲ್ (ಬಾಗಿಸಿ ಬಿಟ್ಟರೆ ನೆಟ್ಟಗಾಗುವ ನಿಕಲ್-ಟೈಟೇನಿಯಂ ಮಿಶ್ರಲೋಹ) ತಂತಿ, ತುದಿಯ 25 ಮಿ.ಮೀ.ಗೆ ಅದರದೇ 0.1 ಮಿ.ಮೀ. ತಂತಿ, ಕೊನೆಗೆ 1 ಮಿ.ಮೀ. ವ್ಯಾಸ, 2 ಮಿ.ಮೀ. ಉದ್ದದ ನಿಯೋಡಿಮಿಯಂ ಅಯಸ್ಕಾಂತ. ಐದಾರು ತರಿಸಿ, ಎರಡಾದರೂ ಕಳೆದುಹೋಗುತ್ತವೆ. ತುದಿಗೆ 0.1ರ ಬದಲು 0.2 ತಂತಿ ಹಾಕಿದರೆ ಏನಾಗುತ್ತದೆ? ಬಿಗಿತ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ, ಅಂದರೆ ಎರಡು ಪಟ್ಟು ದಪ್ಪಕ್ಕೆ 16 ಪಟ್ಟು ಬಿಗಿ. ಲೆಕ್ಕ ಹಾಕಿದರೆ 35 ಮಿಲಿಟೆಸ್ಲಾ (ಅಯಸ್ಕಾಂತ ಕ್ಷೇತ್ರದ ಬಲದ ಅಳತೆ) ಕ್ಷೇತ್ರದಲ್ಲಿ 0.1 ತಂತಿ ಗಾಳಿಯಲ್ಲಿ 70 ಡಿಗ್ರಿ ದಾಟಿ ಬಾಗುತ್ತದೆ, 0.2 ತಂತಿ 17ರ ಆಸುಪಾಸಿಗೇ ನಿಲ್ಲುತ್ತದೆ.

ಎರಡು ತಂತಿಗಳನ್ನು 10 ಮಿ.ಮೀ. ಒಂದರ ಮೇಲೊಂದು ಬರುವಂತೆ ಇಟ್ಟು ಎಪಾಕ್ಸಿಯಲ್ಲಿ ಕೂಡಿಸಿ. ಅಯಸ್ಕಾಂತಕ್ಕೂ ಎಪಾಕ್ಸಿಯೇ, ಬಿಸಿಗಾಳಿ ಗನ್ ಹತ್ತಿರ ತರಬೇಡಿ: ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಅಂಟಿಸುವ ಮೊದಲೇ ತಂತಿಗೆ ಸಣ್ಣ ಸಿಲಿಕೋನ್ ಬಿರಡೆ ಪೋಣಿಸಿರಿ. ಕೊಳವೆಗೆ 14 ಗೇಜಿನ ಕಿತ್ತಳೆ ಬಣ್ಣದ ಐವಿ ಕ್ಯಾನುಲಾವನ್ನು ಓರೆಯಾಗಿ ಚುಚ್ಚಿ, ಸೂಜಿ ತೆಗೆದು ಪ್ಲಾಸ್ಟಿಕ್ ಭಾಗ ಮಾತ್ರ ಉಳಿಸಿ. ತಂತಿ ಅದರೊಳಗೆ ಹೋಗುತ್ತದೆ, ಬಿರಡೆ ಸೋರಿಕೆ ತಡೆಯುತ್ತದೆ.

ಅಯಸ್ಕಾಂತದ ನೊಗ

30 ಮಿ.ಮೀ. ವ್ಯಾಸ, 15 ಮಿ.ಮೀ. ದಪ್ಪದ ಎನ್42 ದರ್ಜೆಯ ನಿಯೋಡಿಮಿಯಂ ಬಿಲ್ಲೆ ಎರಡು. ಒಂದೇ ಬಿಲ್ಲೆಯಾದರೆ 30 ಮಿ.ಮೀ. ದೂರದಲ್ಲಿ ಸುಮಾರು 35 ಮಿಲಿಟೆಸ್ಲಾ, 60ರಲ್ಲಿ ಬರೀ 7. ಅದಕ್ಕಿಂತ ದೊಡ್ಡ ತೊಡಕೆಂದರೆ ಒಂಟಿ ಬಿಲ್ಲೆ ತುದಿಯನ್ನು ತಿರುಗಿಸುವುದರ ಜೊತೆಗೆ ತನ್ನತ್ತ ಎಳೆಯುತ್ತದೆ. 30 ಮಿ.ಮೀ.ಯಲ್ಲಿ ಆ ಸೆಳೆತ ತುದಿಯ ತೂಕದ ಸುಮಾರು 40 ಪಟ್ಟು. ತುದಿ ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ, ತಳ್ಳಿದರೆ ತಂತಿ ಮಡಚುತ್ತದೆ. ನಿಜವಾದ ಉಬ್ಬಿನ ಗೋಡೆಗೆ ಅಂಥ ಒತ್ತಡವೇ ಅಪಾಯ. ಎರಡು ಬಿಲ್ಲೆಗಳನ್ನು 60 ಮಿ.ಮೀ. ಅಂತರದಲ್ಲಿ, ಒಂದರ ಉತ್ತರ ಇನ್ನೊಂದರ ದಕ್ಷಿಣಕ್ಕೆ ಎದುರಾಗುವಂತೆ ಇಟ್ಟರೆ ನಡುವೆ 70 ಮಿಲಿಟೆಸ್ಲಾ ಸಿಗುತ್ತದೆ, ಎರಡೂ ಕಡೆಯ ಸೆಳೆತ ಒಂದನ್ನೊಂದು ಅಳಿಸುತ್ತದೆ. ಆಸ್ಪತ್ರೆಗಳಲ್ಲಿ ಕ್ಯಾತಿಟರನ್ನು ಅಯಸ್ಕಾಂತದಿಂದ ತಿರುಗಿಸಲು ಸ್ಟೀರಿಯೊಟ್ಯಾಕ್ಸಿಸ್ ಕಂಪನಿ ಮಾಡಿದ ನಯೋಬಿ ಯಂತ್ರದಲ್ಲೂ ರೋಗಿಯ ಎರಡು ಮಗ್ಗುಲಿಗೆ ಎರಡು ದೊಡ್ಡ ಶಾಶ್ವತ ಅಯಸ್ಕಾಂತಗಳಿವೆ.

ಯು ಆಕಾರದ ಮರದ ನೊಗ ಮಾಡಿಸಿ, ಬಿಲ್ಲೆಗಳನ್ನು ಗುಳಿಯಲ್ಲಿ ಎಪಾಕ್ಸಿಯಿಂದ ಕೂರಿಸಿ, ಒಳಮುಖಕ್ಕೆ ತೆಳು ಮರದ ಪಟ್ಟಿ ಅಡ್ಡ ಹೊಡೆಸಿ. ಹಿತ್ತಾಳೆ ಸ್ಕ್ರೂ ಮಾತ್ರ. ಬಿಲ್ಲೆಗಳು ಬಿಡಿಯಾಗಿ ಹತ್ತಿರ ಬಂದರೆ 10 ಕೆ.ಜಿ.ಗೂ ಮೀರಿದ ಬಲದಲ್ಲಿ ಬಡಿದುಕೊಳ್ಳುತ್ತವೆ, ನಡುವೆ ಬೆರಳು ಸಿಕ್ಕರೆ ಜಜ್ಜುತ್ತದೆ. ಪೇಸ್‌ಮೇಕರ್ ಇರುವವರು ಆ ಕೋಣೆಗೇ ಬರಬಾರದು. ಚಿಕ್ಕ ಅಯಸ್ಕಾಂತಗಳು ಮಕ್ಕಳ ಕೈಗೆ ಸಿಗದಿರಲಿ: ಎರಡು ನುಂಗಿದರೆ ಕರುಳಿನ ಗೋಡೆಯನ್ನೇ ತೂತು ಮಾಡುತ್ತವೆ.

ನಡೆಸುವುದು

ಮೊದಲು ಹರಿವು ನಿಲ್ಲಿಸಿ ಅಭ್ಯಾಸ ಮಾಡಿ. ನೊಗ ದೂರವಿರುವಾಗಲೇ ತಂತಿಯನ್ನು ಕುತ್ತಿಗೆಗೆ 5 ಮಿ.ಮೀ. ಮುಂಚಿನವರೆಗೆ ತಳ್ಳಿ. ನೊಗವನ್ನು ಸರಿಸಿ ತಂದು ಓರೆಯಾಗಿ ನಿಲ್ಲಿಸಿ, ನಿಧಾನ ಅಡ್ಡಕ್ಕೆ ತಿರುಗಿಸುತ್ತ ಒಂದೊಂದು ಮಿ.ಮೀ. ಮುಂದೆ ಬಿಡಿ. ದುಂಡು ಅಚ್ಚಾದ್ದರಿಂದ ಕೊಳವೆ ತಾಗುವ ಮೊದಲು ಎರಡೂ ಕಡೆ ಸುಮಾರು 50 ಡಿಗ್ರಿ ತಿರುಗಲು ಜಾಗವಿದೆ. ತುದಿ ಉಬ್ಬಿನ ಎದುರು ಗೋಡೆಗೆ ತಿರುಗಿದರೆ ಧ್ರುವ ತಲೆಕೆಳಗಾಗಿದೆ ಎಂದರ್ಥ. ನೊಗ ತಿರುವಿ ಹಾಕಿ, ಉತ್ತರಕ್ಕೆ ನೇಲ್ ಪಾಲಿಶ್ ಗುರುತಿಡಿ. ತಂತಿ ಮುಂದೆ ಹೋದರೂ ತುದಿ ಅಲುಗದಿದ್ದರೆ ತಂತಿ ಹಿಂದೆಲ್ಲೋ ಬಿಲ್ಲಿನಂತೆ ಬಾಗುತ್ತಿದೆ. ಇನ್ನಷ್ಟು ತಳ್ಳದೆ 3 ಮಿ.ಮೀ. ಹಿಂದಕ್ಕೆಳೆದು, ಕೋನ ಸ್ವಲ್ಪ ತಗ್ಗಿಸಿ.

ಕೈ ಪಳಗಿದ ಮೇಲೆ ಹರಿವು ಬಿಡಿ. ಕುತ್ತಿಗೆಯ ಬಳಿ ಹರಿವು ತುದಿಯನ್ನು ಹೊರಗೆ ತಳ್ಳುವುದು ಕಣ್ಣಿಗೇ ಕಾಣುತ್ತದೆ. ಎಡಿನ್‌ಬರೊ ವಿಶ್ವವಿದ್ಯಾಲಯ ಸೇರಿದ್ದ ತಂಡ 2024ರಲ್ಲಿ ಮೊಲಗಳಲ್ಲಿ ಪರೀಕ್ಷಿಸಿದ ಸುಮಾರು 300 ನ್ಯಾನೋಮೀಟರಿನ, ರಕ್ತ ಹೆಪ್ಪುಗಟ್ಟಿಸುವ ಔಷಧಿ ಹೊತ್ತ ಅಯಸ್ಕಾಂತೀಯ ಕಣಗಳಿಗೆ ಇದು ಇನ್ನೂ ದೊಡ್ಡ ಸವಾಲು: ಗಾತ್ರ ಹತ್ತನೇ ಒಂದಾದರೆ ಅಯಸ್ಕಾಂತದ ಬಲ ಸಾವಿರದಲ್ಲೊಂದಾಗುತ್ತದೆ, ಹರಿವಿನ ಎಳೆತ ಮಾತ್ರ ಹತ್ತರಲ್ಲೊಂದು. ಅದಕ್ಕೇ ಅವನ್ನು ಗುಂಪುಗಟ್ಟಿಸಿ ನಡೆಸಬೇಕಾಗುತ್ತದೆ.

ಮುಗಿಸುವಾಗ ಮೊದಲು ನೊಗ ಸರಿಸಿ, ಆಮೇಲೆ ತಂತಿ ಎಳೆಯಿರಿ. ಇಲ್ಲದಿದ್ದರೆ ಅಡ್ಡ ನಿಂತ ತುದಿ ಕುತ್ತಿಗೆಯ ಅಂಚನ್ನು ಕೆರೆಯುತ್ತದೆ. ಮಳೆಗಾಲದಲ್ಲಿ ಅಯಸ್ಕಾಂತಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ನಿಕಲ್ ಲೇಪ ಒಂದು ಕಡೆ ಚಕ್ಕೆ ಎದ್ದರೂ ನಮ್ಮ ತೇವಕ್ಕೆ ಒಳಗಿನಿಂದ ತುಕ್ಕು ಹಿಡಿದು ಪುಡಿಯಾಗುತ್ತದೆ.